ಎಷ್ಟು ಜನ ಸೇರಿದ್ರು ಅನ್ನೋ ಲೆಕ್ಕ ನನಗೆ ಬೇಡ

ಮೆಲ್ಬರ್ನ್‌ನಲ್ಲಿರುವ ನನ್ನ ಗೆಳೆಯ ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ದಾವಣಗೆರೆ ಹುಡುಗರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಪಟ್ಟಿ ಹಾಕುತ್ತಾನೆ. ಇಲ್ಲಿನ ಎರಡು ಫುಟ್‌ಬಾಲ್ ಟೂರ್ನಿಗಳ ಲೆಕ್ಕ ಅದು: ಶನಿವಾರ, ಭಾನುವಾರ ಎಎಫ್‌ಎಲ್ ಮ್ಯಾಚಿಗೆ ಎಷ್ಟು ಜನ ಬಂದರು, ಎನ್‌ಆರ್‌ಎಲ್ ಮ್ಯಾಚಿಗೆ ಎಷ್ಟು ಜನ ಬಂದರು ಅಂತ. ಸಿಡ್ನಿಯಲ್ಲಿರುವ ನಾವು ಮೂರು ಜನ ಟಿವಿಯಲ್ಲಿ ನೋಡಿದವರ ಸಂಖ್ಯೆ ಹುಡುಕಿ ತಿರುಗಿ ಹಾಕುತ್ತೇವೆ. ಐದಾರು ವರ್ಷದಿಂದ ಇದೇ ನಡೆದಿದೆ. ನಾನೂ ಮೈಮೇಲೆ ದೇವರು ಬಂದ ಹಾಗೆ ಜಗಳ ಆಡಿದ್ದೇನೆ.

ಈ ಸೋಮವಾರವೂ ಪಟ್ಟಿ ಬಂತು. ಉತ್ತರ ಬರೆಯೋಕೆ ಮನಸ್ಸಾಗಲಿಲ್ಲ. ಶುಕ್ರವಾರ ರಾತ್ರಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ.

ಊರಲ್ಲಿರುವವರಿಗೆ ಎರಡು ಮಾತು ಹೇಳಿ ಮುಂದೆ ಹೋಗ್ತೀನಿ. ಇಲ್ಲಿ ‘ಫೂಟಿ’ ಅಂದರೆ ಒಂದೇ ಆಟ ಅಲ್ಲ. ಮೆಲ್ಬರ್ನ್, ಅಡಿಲೇಡ್, ಪರ್ತ್ ಕಡೆ ಫೂಟಿ ಅಂದರೆ ಆಸ್ಟ್ರೇಲಿಯನ್ ರೂಲ್ಸ್. ಅದರ ದೊಡ್ಡ ಟೂರ್ನಿ ಎಎಫ್‌ಎಲ್. ಸಿಡ್ನಿ, ಬ್ರಿಸ್ಬೇನ್ ಕಡೆ ಫೂಟಿ ಅಂದರೆ ರಗ್ಬಿ ಲೀಗ್. ಅದರ ಟೂರ್ನಿ ಎನ್‌ಆರ್‌ಎಲ್. ನಮ್ಮಲ್ಲಿ ಮುದ್ದೆ ಉಣ್ಣುವ ಸೀಮೆ, ರೊಟ್ಟಿ ಉಣ್ಣುವ ಸೀಮೆ ಅಂತ ಇದೆಯಲ್ಲ, ಹಾಗೆ ಈ ದೇಶಕ್ಕೂ ಒಂದು ಗೆರೆ ಇದೆ. ಇಯಾನ್ ಟರ್ನರ್ ಅನ್ನುವ ಇತಿಹಾಸಕಾರ 1978ರಲ್ಲಿ ಅದಕ್ಕೆ ‘ಬರಾಸಿ ಗೆರೆ’ ಅಂತ ಹೆಸರಿಟ್ಟರು. ರಾನ್ ಬರಾಸಿ ಮೆಲ್ಬರ್ನ್‌ನ ದೊಡ್ಡ ಆಟಗಾರ. ಗೆರೆಯ ಈಚೆ ನಾನು, ಆಚೆ ನನ್ನ ಗೆಳೆಯ.

ಶುಕ್ರವಾರಕ್ಕೆ ಬರುತ್ತೇನೆ. ಮಗನ ಟೀಮಿನ ಸೀಸನ್ ಮುಗಿದಿತ್ತು. ನಾಲ್ಕು ಮನೆಯವರು ಸೇರಿ ಮನೆ ಹತ್ತಿರದ ಒಂದು ಕ್ಲಬ್ಬಿಗೆ ಊಟಕ್ಕೆ ಹೋದೆವು. ಹೆಸರು ಬೇಡ. ಈ ಕಡೆ ಯಾವ ಕ್ಲಬ್ಬಿಗೆ ಹೋದರೂ ಹೆಚ್ಚುಕಮ್ಮಿ ಹೀಗೇ ಇರುತ್ತೆ. ಬಾಗಿಲಲ್ಲಿ ಲೈಸೆನ್ಸ್ ತೋರಿಸಿ ಒಳಗೆ ಹೋಗಬೇಕು. ಊಟ ಹೊರಗಿಗಿಂತ ಅಗ್ಗ. ಗೋಡೆ ತುಂಬಾ ದೊಡ್ಡ ಪರದೆ, ಅದರಲ್ಲಿ ಮ್ಯಾಚು. ಮಕ್ಕಳಿಗೆ ಹಬ್ಬ.

ಮಧ್ಯಂತರದಲ್ಲಿ ನೀರು ತರೋಕೆ ಎದ್ದೆ. ಪೋಕಿ ಮಷಿನ್, ಅಂದರೆ ದುಡ್ಡು ಹಾಕಿ ಜೂಜಾಡುವ ಯಂತ್ರಗಳಿರುವ ಕೋಣೆಯ ಗಾಜಿನ ಬಾಗಿಲ ಪಕ್ಕ ಒಬ್ಬ ಹುಡುಗ ನೆಲದ ಮೇಲೆ ಕೂತಿದ್ದ. ಎಂಟು ವರ್ಷ ಇರಬಹುದು. ಮೈಮೇಲೆ ಜೆರ್ಸಿ, ಬೆನ್ನ ಮೇಲೆ 6 ನಂಬರ್. ತೊಡೆ ಮೇಲೆ ಆಲೂಗಡ್ಡೆ ಚಿಪ್ಸ್ ಡಬ್ಬಿ. ಚಿಪ್ಸ್ ಆರಿ ಮೆತ್ತಗಾಗಿದ್ದವು, ಅವನು ತಿನ್ನುತ್ತಿರಲಿಲ್ಲ. ಸಾಸ್ ಪೊಟ್ಟಣ ಒಂದನ್ನ ಬೆರಳಲ್ಲಿ ಒತ್ತಿ ಒತ್ತಿ ಆಡುತ್ತಿದ್ದ. ಬಾಗಿಲು ತೆರೆದಾಗಲೆಲ್ಲ ಒಳಗಿಂದ ಮಷಿನ್‌ಗಳ ಟಿಣಿಟಿಣಿ ಸದ್ದು ಬರುತ್ತಿತ್ತು. ಪ್ರತಿ ಸಲವೂ ಅವನು ತಲೆ ಎತ್ತಿ ನೋಡುತ್ತಿದ್ದ. ಬೇರೆ ಯಾರೋ ಹೊರಗೆ ಬರುತ್ತಿದ್ದರು.

ನನ್ನನ್ನ ನೋಡಿ ‘ಸ್ಕೋರ್ ಎಷ್ಟು?’ ಅಂತ ಕೇಳಿದ. ಅವನು ಕೂತ ಜಾಗದಿಂದ ಪರದೆ ಕಾಣುತ್ತಿರಲಿಲ್ಲ. ಹೇಳಿದೆ. ನಮ್ಮ ಮಕ್ಕಳ ಜೊತೆ ಬಂದು ನೋಡು ಅಂದೆ. ಅಪ್ಪ ಇಲ್ಲೇ ಇರು ಅಂದಿದ್ದಾರೆ ಅಂದ.

ಮ್ಯಾಚ್ ಮುಗಿದು ನಾವು ಹೊರಡುವಾಗಲೂ ಅವನು ಅಲ್ಲೇ ಇದ್ದ. ನಾನು ಕೇಳುವ ಮೊದಲೇ ‘ಯಾರು ಗೆದ್ದರು?’ ಅಂದ.

ಈ ಹುಡುಗನನ್ನ ನಮ್ಮ ಪಟ್ಟಿಯಲ್ಲಿ ಎಲ್ಲಿ ಸೇರಿಸೋಣ ಹೇಳಿ. ಟಿವಿಯಲ್ಲಿ ನೋಡಿದವನಲ್ಲ. ಸ್ಟೇಡಿಯಂಗೆ ಬಂದವನೂ ಅಲ್ಲ. ಆದರೆ ಅವನ ಮನೆಯ ದುಡ್ಡು ಆ ರಾತ್ರಿ ಅವನು ಹಾಕಿಕೊಂಡ ಜೆರ್ಸಿಯ ಆಟಕ್ಕೇ ಹೋಗುತ್ತಿತ್ತು.

ನಾನು ಲೆಕ್ಕ ಬರೆದು ಹೊಟ್ಟೆ ಹೊರೆಯುವವನು ಅಂತ ನಿಮಗೆ ಗೊತ್ತು. ಕ್ಲಬ್‌ಗಳ ವಾರ್ಷಿಕ ವರದಿ ಓದುವ ಚಟ ನನಗಿದೆ. ನ್ಯೂ ಸೌತ್ ವೇಲ್ಸ್‌ನಲ್ಲಿ 1956ರಿಂದ ಕ್ಲಬ್‌ಗಳು ಪೋಕಿ ಮಷಿನ್ ಇಡಬಹುದು. ಇವತ್ತು ಈ ಒಂದು ರಾಜ್ಯದಲ್ಲಿ 85 ಸಾವಿರಕ್ಕೂ ಜಾಸ್ತಿ ಮಷಿನ್ ಇವೆ. ಜನ ಅದರಲ್ಲಿ ಕಳೆದುಕೊಳ್ಳುವುದು ವರ್ಷಕ್ಕೆ ಸುಮಾರು 8 ಬಿಲಿಯನ್ ಡಾಲರ್. ಇದೆಲ್ಲ ಫುಟ್‌ಬಾಲ್‌ಗೆ ಹೋಗುವುದಿಲ್ಲ, ಹೋಟೆಲ್‌ಗಳೂ ಇವೆ, ಬೇರೆ ಕ್ಲಬ್‌ಗಳೂ ಇವೆ. ಆದರೆ ಸಿಡ್ನಿಯ ಎಷ್ಟೋ ರಗ್ಬಿ ಲೀಗ್ ತಂಡಗಳ ಬೆನ್ನ ಹಿಂದೆ ನಾವು ಊಟಕ್ಕೆ ಹೋದಂಥ ಒಂದು ಕ್ಲಬ್ ಇದೆ, ಲೀಗ್ಸ್ ಕ್ಲಬ್ ಅಂತಾರೆ, ಅದರ ಹಿಂದೆ ಮಷಿನ್‌ಗಳ ಸಾಲು. ಟಿಕೆಟ್ ದುಡ್ಡು ಸಾಲದಿದ್ದರೆ ಅಲ್ಲಿಂದ ಬರುತ್ತೆ.

ಈಗ ನನ್ನ ಮೆಲ್ಬರ್ನ್ ಗೆಳೆಯ ಎದೆ ಉಬ್ಬಿಸಬೇಕಾಗಿಲ್ಲ. ಅವನ ಊರಿನ ದೊಡ್ಡ ಸ್ಟೇಡಿಯಂ ಎಂಸಿಜಿಯಲ್ಲಿ ಲಕ್ಷ ಜನ ಕೂರುತ್ತಾರೆ, ಒಪ್ಪಿದೆ. 1970ರ ಗ್ರ್ಯಾಂಡ್ ಫೈನಲ್‌ಗೆ 1,21,696 ಜನ ಬಂದಿದ್ದರು, ಅದನ್ನೂ ನೂರು ಸಲ ಕೇಳಿದ್ದೇನೆ. ಮೆಲ್ಬರ್ನ್‌ನ ಒಂಬತ್ತು ಕ್ಲಬ್‌ಗಳು ಎರಡು ದೊಡ್ಡ ಸ್ಟೇಡಿಯಂ ಹಂಚಿಕೊಂಡು ಆಡುತ್ತವೆ. ನಮ್ಮ ಸಿಡ್ನಿ ತಂಡಗಳು ಲೈಕಾರ್ಟ್, ಬ್ರೂಕ್‌ವೇಲ್ ಥರದ ಬಡಾವಣೆ ಮೈದಾನಗಳಲ್ಲಿ ಈಗಲೂ ಆಡುತ್ತವೆ. ಅಲ್ಲಿ 20 ಸಾವಿರ ಜನ ಬಂದರೆ ಕಾಲಿಡೋಕೆ ಜಾಗ ಇರಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ನ್ಯಾಯವಾ? ಇನ್ನು ಪೋಕಿ ವಿಚಾರ. ಮೆಲ್ಬರ್ನ್ ಕ್ಲಬ್‌ಗಳೂ ಅದರ ದುಡ್ಡು ತಿಂದಿವೆ. ಎಷ್ಟೋ ಕ್ಲಬ್‌ಗಳು ಈಚೆಗೆ ಕೈ ತೊಳೆದುಕೊಂಡವು. ಎಲ್ಲವೂ ಅಲ್ಲ.

ದುಡ್ಡಿನ ಹೋಲಿಕೆಯೂ ಹಾಗೇ. ಎಎಫ್‌ಎಲ್‌ಗೆ 2025ರಿಂದ ಏಳು ವರ್ಷಕ್ಕೆ ಟಿವಿ ಹಕ್ಕಿನಿಂದ 4.5 ಬಿಲಿಯನ್ ಡಾಲರ್. ಆ ಸುದ್ದಿ ಬಂದ ದಿನದಿಂದ ಎನ್‌ಆರ್‌ಎಲ್‌ಗೆ ಅದಕ್ಕಿಂತ ದೊಡ್ಡ ಸಂಖ್ಯೆ ಬೇಕು ಅನ್ನುವುದೇ ಇಲ್ಲಿನ ಮಾತು. ಎಎಫ್‌ಎಲ್‌ನವರು 2012ರಲ್ಲಿ ನಮ್ಮ ಪಶ್ಚಿಮ ಸಿಡ್ನಿಗೆ ಜೈಂಟ್ಸ್ ಅಂತ ಹೊಸ ತಂಡ ತಂದರು. ರಗ್ಬಿ ಲೀಗ್‌ನ ಸ್ಟಾರ್ ಇಸ್ರೇಲ್ ಫೊಲಾವ್‌ನನ್ನ ದುಡ್ಡು ಕೊಟ್ಟು ಎಳೆದುಕೊಂಡರು. ಅವನು ಆಡಿದ್ದು ಬರೀ 13 ಮ್ಯಾಚು. ಎನ್‌ಆರ್‌ಎಲ್‌ನವರು ಸೀಸನ್ ಶುರು ಮಾಡೋಕೆ 2024ರಿಂದ ಲಾಸ್ ವೇಗಸ್‌ಗೆ ಹೋಗುತ್ತಿದ್ದಾರೆ. ಲಾಸ್ ವೇಗಸ್! ಜೂಜಿನ ಊರಿಗೇ!

ಈ ಎರಡು ಆಟಗಳೂ ಮೈದಾನಕ್ಕೆ, ಮಕ್ಕಳಿಗೆ, ಸರ್ಕಾರದ ದುಡ್ಡಿಗೆ, ಟಿವಿ ಟೈಮಿಗೆ ಕಿತ್ತಾಡುತ್ತವೆ. ಒಂದೇ ಒಂದು ವಿಚಾರದಲ್ಲಿ ಅಣ್ಣತಮ್ಮಂದಿರ ಹಾಗೆ ಒಟ್ಟಿಗೆ ನಿಂತವು. 2023ರ ಜೂನ್‌ನಲ್ಲಿ ಪೀಟಾ ಮರ್ಫಿ ಅನ್ನುವ ಸಂಸದೆಯ ಸಮಿತಿ ಆನ್‌ಲೈನ್ ಜೂಜಿನ ಜಾಹೀರಾತನ್ನು ಮೂರು ವರ್ಷದಲ್ಲಿ ಪೂರ್ತಿ ನಿಲ್ಲಿಸಿ ಅಂತ ಶಿಫಾರಸು ಮಾಡಿತು. ಆ ತಾಯಿ ಕ್ಯಾನ್ಸರ್ ಇಟ್ಟುಕೊಂಡು ಆ ಕೆಲಸ ಮಾಡಿದರು. ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ಪೂರ್ತಿ ನಿಲ್ಲಿಸೋದು ಬೇಡ ಅಂತ ಎಎಫ್‌ಎಲ್, ಎನ್‌ಆರ್‌ಎಲ್ ಎರಡೂ ವಿರೋಧಿಸಿದವು. ಆಗಲೂ ನಾವು ಗುಂಪಿನಲ್ಲಿ ಯಾರಿಗೆ ಜನ ಜಾಸ್ತಿ ಅಂತ ಕಿತ್ತಾಡುತ್ತಲೇ ಇದ್ದೆವು. ನನಗೆ ಅದಕ್ಕೇ ಸಿಟ್ಟು. ಅವರ ಮೇಲೆ, ನಮ್ಮ ಮೇಲೂ.

ಲೆಕ್ಕದ ಪಟ್ಟಿ ಒಂದು ಕ್ಲಬ್ಬಿಗೆ ಏನು ಮಾಡುತ್ತೆ ಅಂತ ಸೌತ್ಸ್, ಅಂದರೆ ಸೌತ್ ಸಿಡ್ನಿ ರಗ್ಬಿ ಲೀಗ್ ತಂಡದ ಬೆಂಬಲಿಗನಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2009ರಲ್ಲಿ ನಾನು ಕಿಂಗ್ಸ್‌ಫರ್ಡ್‌ನಲ್ಲಿ ರೂಮು ಮಾಡಿದಾಗ ಮನೆ ಓನರ್ ಅಜ್ಜಿ ಪೂರ್ತಿ ಕಥೆ ಹೇಳಿದ್ದರು. ಸೌತ್ ಸಿಡ್ನಿ ಹುಟ್ಟಿದ್ದು 1908ರಲ್ಲಿ. ಅಷ್ಟು ಪ್ರಶಸ್ತಿ ಗೆದ್ದ ಇನ್ನೊಂದು ಕ್ಲಬ್ ಇರಲಿಲ್ಲ. ಆದರೆ 1990ರ ದಶಕದಲ್ಲಿ ಟಿವಿ ಹಕ್ಕಿಗಾಗಿ ದೊಡ್ಡ ದುಡ್ಡಿನವರ ಯುದ್ಧ ಆಯಿತು. 1997ರಲ್ಲಿ ಒಂದೇ ಆಟಕ್ಕೆ ಎರಡು ಟೂರ್ನಿ ನಡೆದವು. ಕೊನೆಗೆ ಇಬ್ಬರೂ ರಾಜಿಯಾಗಿ 2000ಕ್ಕೆ 14 ತಂಡ ಸಾಕು ಅಂದರು. ಯಾರನ್ನ ಇಟ್ಟುಕೊಳ್ಳೋದು? ಎಷ್ಟು ಜನ ಬರುತ್ತಾರೆ, ಗೇಟಿನಲ್ಲಿ ಎಷ್ಟು ದುಡ್ಡು, ಪ್ರಾಯೋಜಕರಿಂದ ಎಷ್ಟು. ಅಂಕ ಹಾಕಿದರು. 1999ರ ಗ್ರ್ಯಾಂಡ್ ಫೈನಲ್‌ಗೆ 1,07,999 ಜನ ಬಂದರು. ರಗ್ಬಿ ಲೀಗ್‌ಗೆ ಅಷ್ಟು ಜನ ಸೇರಿದ್ದೇ ಇಲ್ಲ. ಅದೇ ವರ್ಷ ಸೌತ್ಸನ್ನ ಹೊರಗೆ ಹಾಕಿದರು.

ಅಜ್ಜಿ 2000ದ ನವೆಂಬರ್‌ನಲ್ಲಿ ಮೊಮ್ಮಗಳ ಕೈ ಹಿಡಿದು ಮೆರವಣಿಗೆಯಲ್ಲಿ ನಡೆದಿದ್ದರು. 80 ಸಾವಿರ ಜನ ಬೀದಿಗಿಳಿದಿದ್ದರು ಅಂತಾರೆ. ಆ 80 ಸಾವಿರ ಯಾವ ಪಟ್ಟಿಯಲ್ಲೂ ಬರಲಿಲ್ಲ, ಯಾಕೆಂದರೆ ಅವರು ಟಿಕೆಟ್ ತಗೊಂಡಿರಲಿಲ್ಲ. ಸೌತ್ಸ್‌ನವರು ಕೋರ್ಟಿಗೆ ಹೋಗಿ 2002ಕ್ಕೆ ಟೂರ್ನಿಗೆ ವಾಪಸ್ ಬಂದರು. 2014ರಲ್ಲಿ, 43 ವರ್ಷದ ಮೇಲೆ, ಗೆದ್ದಾಗ ನಾನು ಅಜ್ಜಿಗೆ ಫೋನ್ ಮಾಡಿದೆ. ಎತ್ತಿ ಏನೂ ಮಾತಾಡಲಿಲ್ಲ. ಬರೀ ಉಸಿರು ಕೇಳುತ್ತಿತ್ತು. ನನಗೂ ಗಂಟಲು ಕಟ್ಟಿತು.

‘ಪೋಕಿ ದುಡ್ಡಿಲ್ಲದಿದ್ದರೆ ಕ್ಲಬ್ ಮುಚ್ಚಿಹೋಗುತ್ತೆ, ನಿನ್ನ ಮಗನ ಮೈದಾನದ ಲೈಟಿಗೂ ಅದೇ ದುಡ್ಡು’ ಅಂತ ಶನಿವಾರ ಒಬ್ಬರು ನನಗೆ ಹೇಳಿದರು. ಮಗನ ಟೀಮಿನ ಇನ್ನೊಬ್ಬ ಹುಡುಗನ ತಂದೆ, ಒಳ್ಳೆ ಮನುಷ್ಯ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಸಮುದಾಯಕ್ಕೆ ಕೊಡುವ ಕ್ಲಬ್‌ಗ್ರಾಂಟ್ಸ್ ಅನ್ನುವ ಯೋಜನೆಯಲ್ಲಿ ಕೈಬಿಡುವುದು ನೂರು ಡಾಲರಿಗೆ ಎರಡು ಡಾಲರ್ ಆಸುಪಾಸು. ನೂರು ಕಿತ್ತುಕೊಂಡು ಎರಡು ಕೊಟ್ಟು ಬೋರ್ಡ್ ಹಾಕಿಸಿಕೊಳ್ಳೋದು ದಾನವಾ? ಮುಚ್ಚಿಹೋಗುತ್ತೆ ಅನ್ನುವುದಂತೂ ಸುತರಾಂ ಒಪ್ಪಲ್ಲ. ವೆಸ್ಟರ್ನ್ ಆಸ್ಟ್ರೇಲಿಯಾ ನೋಡಿ. ಪರ್ತ್‌ನ ಕ್ಯಾಸಿನೊ ಬಿಟ್ಟರೆ ಇಡೀ ರಾಜ್ಯದಲ್ಲಿ ಪೋಕಿ ಮಷಿನ್ ಇಲ್ಲ. ಅಲ್ಲಿನ ವೆಸ್ಟ್ ಕೋಸ್ಟ್ ಈಗಲ್ಸ್ ದೇಶದ ಶ್ರೀಮಂತ ಕ್ಲಬ್‌ಗಳಲ್ಲಿ ಒಂದು. ಮೆಲ್ಬರ್ನ್‌ನಲ್ಲಿ ಮೊದಲು ಮಷಿನ್ ಬಿಟ್ಟಿದ್ದು ಯಾರು? ನಾರ್ತ್ ಮೆಲ್ಬರ್ನ್, 2008ರಲ್ಲಿ. ದುಡ್ಡು ಕೊಳೆಯುತ್ತಿದ್ದ ಕ್ಲಬ್ ಅಲ್ಲ ಅದು. ಇವತ್ತಿಗೂ ಆಡುತ್ತಿದೆ. ಮೆಲ್ಬರ್ನ್‌ನ ಇನ್ನೊಂದು ಕ್ಲಬ್ ಕಾಲಿಂಗ್‌ವುಡ್‌ಗೆ ಲಕ್ಷಕ್ಕೂ ಮೀರಿ ಸದಸ್ಯರಿದ್ದಾರೆ, ಕೈಯಿಂದ ದುಡ್ಡು ಕೊಟ್ಟು, ಇಷ್ಟಪಟ್ಟು. ಗೆಳೆಯಾ, ಹೊಗಳಬೇಕಿದ್ದರೆ ಅದನ್ನ ಹೊಗಳು, ನಾನೂ ಚಪ್ಪಾಳೆ ಹೊಡೀತೀನಿ.

‘ಯಾರೂ ಬಲವಂತ ಮಾಡಿಲ್ಲವಲ್ಲ’ ಅನ್ನುವವರಿಗೆ ಒಂದು ವಿಷಯ ಹೇಳಿಬಿಡ್ತೀನಿ. ಇದು ನನ್ನ ಹೆಂಡತಿಗೆ ಭಾನುವಾರದವರೆಗೂ ಗೊತ್ತಿರಲಿಲ್ಲ. 2010ರ ಚಳಿಗಾಲ. ಅವಳು ಇನ್ನೂ ಊರಲ್ಲಿದ್ದಳು. ಸರಿಯಾದ ಕೆಲಸ ಸಿಕ್ಕಿರಲಿಲ್ಲ. ರೂಮಿನಲ್ಲಿ ಹೀಟರ್ ಹಾಕಿದರೆ ಬಿಲ್ ಬರುತ್ತೆ ಅಂತ ಸಂಜೆ ಒಂದು ಕ್ಲಬ್ಬಿಗೆ ಹೋಗಿ ಕೂರುತ್ತಿದ್ದೆ. ಬೆಚ್ಚಗಿತ್ತು. ಮ್ಯಾಚು ಬರುತ್ತಿತ್ತು. ಕಾಫಿ ಅಗ್ಗ, ಬಾಗಿಲಲ್ಲಿದ್ದವರು ಹೆಸರು ಹಿಡಿದು ಕರೆಯುತ್ತಿದ್ದರು. ಆ ಊರಲ್ಲಿ ನನ್ನ ಹೆಸರು ಸರಿಯಾಗಿ ಹೇಳುತ್ತಿದ್ದವರು ಅವರೇ. ಮ್ಯಾಚಿಗೆ ಅಂತ ಹೋದವನು ಎರಡು ತಿಂಗಳಲ್ಲಿ 1,400 ಡಾಲರ್ ಕಳೆದೆ. ಊರಿಗೆ ಕಳಿಸಬೇಕಿದ್ದ ದುಡ್ಡು. ಅಪ್ಪನಿಗೆ ‘ಬ್ಯಾಂಕಿನಲ್ಲಿ ಏನೋ ತೊಂದರೆ’ ಅಂತ ಸುಳ್ಳು ಹೇಳಿದೆ. ನಿಲ್ಲಿಸಿದ್ದು ಬುದ್ಧಿ ಬಂದು ಅಲ್ಲ, ನೈಟ್ ಶಿಫ್ಟ್ ಕೆಲಸ ಸಿಕ್ಕಿತು ಅಂತ.

ಕೆಲಸ ಸಿಗದೇ ಹೋಗಿದ್ದರೆ? ಬಸ್ ಸ್ಟ್ಯಾಂಡ್ ಹತ್ತಿರದ ಲಾಟರಿ ಅಂಗಡಿ ಮುಂದೆ ರಿಸಲ್ಟ್‌ಗೆ ಕಾಯುತ್ತಾ ನಿಂತವರ ಮುಖ ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ, ಅಲ್ವಾ? ನಮ್ಮ ಕರ್ನಾಟಕದಲ್ಲಿ 2007ರಲ್ಲಿ ಅದನ್ನ ನಿಲ್ಲಿಸಿದರು. ಇಲ್ಲಿ ಅದೇ ಅಂಗಡಿಗೆ ನಾನು ಪ್ರೀತಿಸುವ ಆಟದ ಬಣ್ಣ ಹಚ್ಚಿ ಇಟ್ಟಿದ್ದಾರೆ.

ಆಟ ಬಿಡಲ್ಲ. ಸೌತ್ಸ್ ಬಿಡೋದಂತೂ ಸಾಧ್ಯವೇ ಇಲ್ಲ. ಮಗಳು ಹೋದ ವರ್ಷ ಆಸ್‌ಕಿಕ್ ಅನ್ನುವ ಮಕ್ಕಳ ಎಎಫ್‌ಎಲ್ ತರಬೇತಿಗೆ ಸೇರಿ ಎಎಫ್‌ಎಲ್ ಚೆಂಡು ಮನೆಗೆ ತಂದಿದ್ದಾಳೆ. ಹಿತ್ತಲಲ್ಲಿ ಅಣ್ಣನೂ ಅವಳೂ ಎರಡು ಆಟದ ನಿಯಮ ಬೆರೆಸಿ ಆಡುತ್ತಾರೆ. ಆಡಲಿ.

ಮಗನ ಟೀಮಿನ ಬಹುಮಾನ ಸಮಾರಂಭ ಪ್ರತಿ ವರ್ಷ ಕ್ಲಬ್ಬಿನಲ್ಲೇ ಆಗುತ್ತೆ. ಹಾಲ್ ಬಿಟ್ಟಿ ಕೊಡುತ್ತಾರೆ. ಈ ಸಲ ಮೈದಾನದಲ್ಲೇ ಮಾಡೋಣ ಅಂತ ಭಾನುವಾರ ರಾತ್ರಿ ಎಲ್ಲ ಅಪ್ಪ ಅಮ್ಮಂದಿರಿಗೂ ಮೆಸೇಜ್ ಹಾಕಿದೆ. ಹದಿಮೂರು ಮನೆಯಲ್ಲಿ ಎಂಟು ಮನೆಯವರು ಹೂಂ ಅಂದಿದ್ದಾರೆ. ಇಬ್ಬರಿಗೆ ಕೋಪ ಬಂದಿದೆ, ಮೂವರು ಓದಿ ಸುಮ್ನಿದ್ದಾರೆ. ಕೋಪ ಬಂದವರಲ್ಲಿ ಒಬ್ಬರು ಆ ಶನಿವಾರದ ಒಳ್ಳೆ ಮನುಷ್ಯ. ನಾಳೆ ಅವರ ಮನೆಗೆ ಹೋಗಿ ಮಾತಾಡಿ ಬರ್ತೀನಿ. ಸಾಸೇಜ್ ಸುಡುವ ಒಲೆ ನಮ್ಮ ಕೋಚ್ ತರುತ್ತಾರೆ. ಚಿತ್ರಾನ್ನ ನಮ್ಮ ಮನೆಯಿಂದ, ಐವತ್ತು ಜನಕ್ಕೆ.