ಗಂಟೆ ಹೋಯಿತು, ಗುಂಡಿ ಉಳಿಯಿತು

ಮನೆ ಕೊಂಡು ಒಳಗೆ ಕಾಲಿಟ್ಟ ಮೊದಲ ದಿನ ಯಾರೂ ನಮ್ಮನ್ನು ನೋಡಲು ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಹೊಸಬರೆಂದರೆ ಇಷ್ಟು ತಾತ್ಸಾರವೇ ಎಂದು ಹೆಂಡತಿ ಮುಖ ಸಣ್ಣದು ಮಾಡಿಕೊಂಡಳು. ಮೂರನೆಯ ದಿನ ಸಂಜೆ ಕಿಟಕಿಯಿಂದ ಇಣುಕಿದರೆ ಪಕ್ಕದ ಮನೆಯ ದಂಪತಿ ನಮ್ಮ ಬಾಗಿಲ ಮುಂದೆ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಗುಂಡಿ ಒತ್ತಿದ್ದಾರೆ, ಕಾದಿದ್ದಾರೆ, ಮತ್ತೆ ಒತ್ತಿದ್ದಾರೆ. ಇದು ಅವರ ಮೂರನೆಯ ಪ್ರಯತ್ನವಂತೆ. ಹೊಸಬರಿಗೆ ಎಷ್ಟು ಜಂಬ ಎಂದು ಅವರೂ ಅಷ್ಟರಲ್ಲಿ ಮಾತಾಡಿಕೊಂಡಾಗಿತ್ತು.

ಆದದ್ದಿಷ್ಟೇ. ಮನೆ ಮಾರಿದ ಯಜಮಾನರು ಒಳಗಿನ ಕರೆಗಂಟೆಯನ್ನು ಬಿಚ್ಚಿಕೊಂಡು ಹೋಗಿದ್ದರು. ಹೊರಗಿನ ಗುಂಡಿಯನ್ನು ಮಾತ್ರ ನಮಗೆ ಬಿಟ್ಟಿದ್ದರು.

ಯಜಮಾನರು ಕೆಟ್ಟವರೇನಲ್ಲ. ಪತ್ರಕ್ಕೆ ಸಹಿ ಹಾಕುವಾಗ ನನ್ನ ಕೈ ಹಿಡಿದುಕೊಂಡು, "ಮಗುವಿನ ಹಾಗೆ ನೋಡಿಕೊಂಡ ಮನೆ ಇದು" ಎಂದು ಕಣ್ಣು ತೇವ ಮಾಡಿಕೊಂಡವರು. ಆದರೆ ಮಗುವನ್ನು ಒಪ್ಪಿಸುವಾಗ ಅದರ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿಕೊಂಡು ಹೋಗಿದ್ದರು. ಬಲ್ಬ್ ಒಂದೂ ಇರಲಿಲ್ಲ. ಬಲ್ಬ್ ಹೋದರೆ ಹೋಗಲಿ, ಎರಡು ಕೋಣೆಗಳಲ್ಲಿ ಹೋಲ್ಡರ್ ಕೂಡ ಇರಲಿಲ್ಲ. ಛಾವಣಿಯಿಂದ ಕೆಂಪು, ಕಪ್ಪು ವೈರುಗಳೆರಡು ನಾಲಿಗೆ ಚಾಚಿಕೊಂಡು ನೇತಾಡುತ್ತಿದ್ದವು. (ಇದರಲ್ಲಿ ತಮಾಷೆಯಿಲ್ಲ. ದೀಪವನ್ನು ಒಯ್ಯಲೇಬೇಕೆಂದಿದ್ದರೆ ಆ ಜಾಗದಲ್ಲಿ ಒಂದು ಸಾದಾ ಹೋಲ್ಡರನ್ನಾದರೂ ಸಿಕ್ಕಿಸಿ ಹೋಗಬೇಕು. ಕತ್ತಲೆಯಲ್ಲಿ ಏಣಿ ಹತ್ತುವವನ ಕೈಗೆ ಮೊದಲು ಸಿಗುವುದು ಆ ನಾಲಿಗೆಯೇ.) ಪರದೆಯ ಕಂಬಿಗಳು ಹೋಗಿ ಗೋಡೆಯಲ್ಲಿ ತೂತುಗಳು ಉಳಿದಿದ್ದವು. ಬಚ್ಚಲಿನಲ್ಲಿ ಸೋಪಿನ ತಟ್ಟೆ ಹೋಗಿ ಸೋಪು ಉಳಿದಿತ್ತು.

ಏನನ್ನು ಒಯ್ಯಬಹುದು, ಏನನ್ನು ಬಿಡಬೇಕು ಎಂಬ ತಗಾದೆ ಇಂದಿನದಲ್ಲ. ನೆಲಕ್ಕೆ ಅಂಟಿಕೊಂಡದ್ದು ನೆಲದ ಪಾಲು ಎಂದು ರೋಮನ್ನರ ಕಾನೂನು ಎಂದೋ ಹೇಳಿಬಿಟ್ಟಿತ್ತು. ಇಂಗ್ಲೆಂಡಿನಲ್ಲಿ 1872ರಲ್ಲಿ ಮಗ್ಗಗಳ ವಿಷಯಕ್ಕೆ ಒಂದು ದೊಡ್ಡ ವ್ಯಾಜ್ಯವೇ ನಡೆಯಿತು. ಕಾರ್ಖಾನೆಯ ನೆಲಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದ ಮಗ್ಗಗಳು ಸಾಮಾನೋ, ಸ್ಥಿರಾಸ್ತಿಯೋ? ಸ್ಥಿರಾಸ್ತಿಯೇ ಎಂದು ತೀರ್ಪಾಯಿತು. ಎಷ್ಟು ಗಟ್ಟಿಯಾಗಿ ಅಂಟಿದೆ, ಯಾತಕ್ಕಾಗಿ ಅಂಟಿಸಿದ್ದು ಎಂಬ ಎರಡನ್ನೂ ನೋಡಬೇಕೆಂದು ನ್ಯಾಯಾಧೀಶರು ಹೇಳಿ, ಸೊಗಸಾದ ಒಂದು ಉದಾಹರಣೆಯನ್ನೂ ಕೊಟ್ಟರು: ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ ಜಮೀನಿನ ಭಾಗ, ಅವೇ ಕಲ್ಲುಗಳನ್ನು ಮನೆ ಕಟ್ಟುವವನು ತನ್ನ ಅಂಗಳದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದರೆ ಬರೀ ಸಾಮಾನು.

ಇಷ್ಟು ಸೂಕ್ಷ್ಮ ಬೇಡ ಎನ್ನುವವರಿಗೆ ಸುಲಭದ ಸೂತ್ರವೊಂದಿದೆ. ಮನೆಯನ್ನು ಎತ್ತಿ ತಲೆಕೆಳಗು ಮಾಡಿ ಚೆನ್ನಾಗಿ ಕೊಡವಬೇಕು. ಉದುರಿದ್ದೆಲ್ಲ ಮಾರುವವರದು, ಉದುರದೆ ಉಳಿದದ್ದು ಕೊಳ್ಳುವವರದು. ಪರದೆ ಉದುರುತ್ತದೆ, ಕಂಬಿ ಉಳಿಯುತ್ತದೆ. ಟಿವಿ ಉದುರುತ್ತದೆ, ಗೋಡೆಗೆ ತಿರುಪು ಹಾಕಿದ ಚೌಕಟ್ಟು ಉಳಿಯುತ್ತದೆ. ಬೀಗದ ಕೈ ಮಾತ್ರ ಉದುರಿದರೂ ಮನೆಯದೇ. ಅದನ್ನು ವಕೀಲರೂ ಒಪ್ಪುತ್ತಾರೆ. ಈ ಲೆಕ್ಕದಲ್ಲಿ ನಮ್ಮ ಕರೆಗಂಟೆ ನಮಗೇ ಸೇರಬೇಕಿತ್ತು. ಹಾಗೆಂದು ಒಂದು ಗಂಟೆಗಾಗಿ ರೋಮನ್ನರನ್ನು ಎಬ್ಬಿಸಲಾಗುತ್ತದೆಯೇ? ಹೊಸದೊಂದನ್ನು ತಂದು ಹಾಕಿಸಿದೆವು.

ಒಯ್ದದ್ದರ ಕಥೆ ಇಷ್ಟಾದರೆ, ಬಿಟ್ಟದ್ದರದು ಇನ್ನೊಂದು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಎಂಟು ಬಣ್ಣದ ಡಬ್ಬಗಳಿದ್ದವು. ಏಳರಲ್ಲಿ ಬಣ್ಣ ಒಣಗಿ ರಬ್ಬರಿನ ಬಿಲ್ಲೆಯಾಗಿತ್ತು. ಎಂಟನೆಯದರಲ್ಲಿ ಬಣ್ಣವೇನೋ ಇತ್ತು, ಆದರೆ ಆ ಬಣ್ಣದ ಗೋಡೆ ಮನೆಯಲ್ಲೆಲ್ಲೂ ಇರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಕೀಲಿಗಳ ಗೊಂಚಲೊಂದಿತ್ತು. ಒಂದೂ ಯಾವ ಬೀಗಕ್ಕೂ ಕೂರಲಿಲ್ಲ. ಕಾಲು ಮುರಿದ ಇಸ್ತ್ರಿ ಮೇಜು, ಯಾವ ಯಂತ್ರದ್ದೆಂದು ತಿಳಿಯದ ರಿಮೋಟುಗಳು, ಒಂದಷ್ಟು ಧೂಳು ಹಿಡಿದ ಟೈಲ್ಸ್. ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಒಂದೇ ಮಧ್ಯಾಹ್ನದಲ್ಲಿ ಗೂಡನ್ನು ಬರಿದು ಮಾಡಿ ಎಲ್ಲವನ್ನೂ ಸಾಗಹಾಕಿಸಿದಳು. ಇನ್ನೊಬ್ಬರ ಕಸವನ್ನು ಹೊರುವುದಕ್ಕೆ ನಾವೇನು ಸಾಲ ಮಾಡಿ ಮನೆ ಕೊಂಡೆವೇ ಎಂದು ನಾನೂ ತಾಳ ಹಾಕಿದೆ.

ಒಂದು ವರ್ಷ ಕಳೆಯುವುದರೊಳಗೆ ಅಡುಗೆಮನೆಯ ನೆಲದ ಮೇಲೆ ರುಬ್ಬುವ ಯಂತ್ರದ ಕಲ್ಲು ಬಿದ್ದು ಎರಡು ಟೈಲ್ಸ್ ಒಡೆದವು. ಚೂರೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಅಂಗಡಿ ಅಂಗಡಿ ಅಲೆದೆ. ಆಗ ಕಲಿತದ್ದು: ಒಂದೇ ಹೆಸರು, ಒಂದೇ ಅಳತೆ, ಒಂದೇ ವಿನ್ಯಾಸದ ಟೈಲ್ಸ್ ಆದರೂ ಒಂದು ಸಲ ಸುಟ್ಟದ್ದಕ್ಕೂ ಇನ್ನೊಂದು ಸಲ ಸುಟ್ಟದ್ದಕ್ಕೂ ಬಣ್ಣದ ಛಾಯೆ ಬೇರೆಯಾಗುತ್ತದೆ. ಅದಕ್ಕೇ ಪೆಟ್ಟಿಗೆಯ ಮೇಲೆ ಛಾಯೆಯ ಸಂಖ್ಯೆ ಬರೆದಿರುತ್ತಾರೆ. ಅಂಗಡಿಯವನು ನನ್ನ ಚೂರನ್ನು ಬೆಳಕಿಗೆ ಹಿಡಿದು, "ಇದು ಈಗ ಬರುತ್ತಿಲ್ಲ ಸಾರ್. ಮನೆ ಕಟ್ಟಿಸಿದವರು ನಾಲ್ಕಾರು ಹೆಚ್ಚಿಗೆ ತೆಗೆದು ಇಟ್ಟಿರುತ್ತಾರೆ. ಮೆಟ್ಟಿಲ ಕೆಳಗೆ ಒಮ್ಮೆ ನೋಡಿ" ಎಂದ.

ನಾನು ಮೆಟ್ಟಿಲ ಕೆಳಗೆ ನೋಡಲಿಲ್ಲ. ಮನೆಗೆ ಬಂದು ಹೆಂಡತಿಯ ಮುಖವನ್ನೂ ನೋಡಲಿಲ್ಲ. ಒಡೆದ ಜಾಗದ ಮೇಲೆ ಇಂದಿಗೂ ಕಾಲೊರಸು ಹಾಸಿದೆ. ಅಡುಗೆಮನೆಯ ನಟ್ಟನಡುವೆ ಕಾಲೊರಸು ಏಕೆಂದು ಬಂದವರು ಕೇಳಿದರೆ ನಾವಿಬ್ಬರೂ ಬೇರೆ ಮಾತು ತೆಗೆಯುತ್ತೇವೆ. ಡಬ್ಬಕ್ಕೂ ಟೈಲ್ಸಿಗೂ ಒಂದೊಂದು ಚೀಟಿ ಅಂಟಿಸಿ 'ಅಡುಗೆಮನೆ ನೆಲ' ಎಂದು ಬರೆದಿದ್ದರೆ ಯಜಮಾನರ ಗಂಟೇನು ಹೋಗುತ್ತಿತ್ತು? ಗಂಟೆಯಂತೂ ಅವರ ಬಳಿಯೇ ಇತ್ತು.

ಅಟ್ಟವನ್ನು ಮಾತ್ರ ನಾವು ಅಂದು ಖಾಲಿ ಮಾಡಿರಲಿಲ್ಲ. ಸೊಂಟ ಸೋತಿತ್ತು.

ಆರನೆಯ ತಿಂಗಳಿರಬೇಕು, ಒಂದು ರಾತ್ರಿ ಮೂರು ಗಂಟೆಗೆ 'ಚಿಂಕ್' ಎಂದಿತು. ಮಗ್ಗುಲಾದೆ. ಮತ್ತೆ ನಿದ್ದೆ ಹತ್ತುವಷ್ಟರಲ್ಲಿ ಇನ್ನೊಂದು 'ಚಿಂಕ್'. "ರೀ, ಹಕ್ಕಿ ಒಳಗೆ ಬಂದಿದೆ" ಎಂದಳು ಹೆಂಡತಿ. ಜೀರುಂಡೆ ಎಂದೆ ನಾನು. ಇಬ್ಬರೂ ದೀಪ ಹಾಕಿಕೊಂಡು ಮಂಚದ ಕೆಳಗೆ ನೋಡಿದೆವು. ಕಪಾಟಿನಲ್ಲಿ ನೋಡಿದೆವು. ಮೊಬೈಲುಗಳನ್ನು ಆರಿಸಿದೆವು. ಸದ್ದು ಬಂದಾಗ ಅಲುಗಾಡದೆ ನಿಂತು ಕಿವಿಗೊಟ್ಟರೆ ಎಲ್ಲ ದಿಕ್ಕಿನಿಂದಲೂ ಬಂದ ಹಾಗೆ. ಹುಡುಕಲು ಹೊರಟರೆ ಸುಮಾರು ಒಂದು ನಿಮಿಷ ಮೌನ. ಕೊನೆಗೆ ಹಜಾರದ ಛಾವಣಿಯಲ್ಲಿದ್ದ, ಹೊಗೆಯೆದ್ದರೆ ಕೂಗಿ ಎಚ್ಚರಿಸುವ ಸ್ಮೋಕ್ ಅಲಾರಂ ಕಣ್ಣಿಗೆ ಬಿತ್ತು. ಬ್ಯಾಟರಿ ಸೋತಾಗ ಅದು ಹೀಗೆ ಬಿಟ್ಟು ಬಿಟ್ಟು ಕೂಗಿ ಹೇಳುತ್ತದೆ. ಹೇಳುವುದಕ್ಕೆ ಸರಿರಾತ್ರಿಯನ್ನೇ ಆರಿಸಿಕೊಳ್ಳುವುದು ಹಟದಿಂದಲ್ಲ; ಬೆಳಗಿನ ಜಾವ ಮನೆ ತಣ್ಣಗಾದಾಗ ಸೋತ ಬ್ಯಾಟರಿಯ ಶಕ್ತಿ ಇನ್ನಷ್ಟು ಕುಗ್ಗುತ್ತದೆ, ಬಿಸಿಲೇರಿದ ಮೇಲೆ ಚೇತರಿಸಿಕೊಂಡು ಸುಮ್ಮನಾಗುತ್ತದೆ. ಕುರ್ಚಿ ಹಾಕಿ ಹತ್ತಿ ಬ್ಯಾಟರಿಯನ್ನು ಕಿತ್ತು, ಗೆದ್ದವನ ಠೀವಿಯಿಂದ ಕೆಳಗಿಳಿದೆ.

ಚಿಂಕ್.

ಬ್ಯಾಟರಿ ನನ್ನ ಅಂಗೈಯಲ್ಲಿತ್ತು. ಅಲಾರಂ ಬಾಯಿ ಕಳೆದುಕೊಂಡು ಛಾವಣಿಗೆ ಅಂಟಿತ್ತು. ಸದ್ದು ಮಾತ್ರ ಬಂತು. ದೆವ್ವ ಭೂತಗಳನ್ನು ನಂಬದ ನನ್ನ ಹೆಂಡತಿ ಆ ಹೊತ್ತಿನಲ್ಲಿ ನನ್ನ ತೋಳನ್ನು ಹಿಡಿದುಕೊಂಡದ್ದನ್ನು ಇಲ್ಲಿ ದಾಖಲಿಸದಿದ್ದರೆ ತಪ್ಪಾಗುತ್ತದೆ. ಐದು ಗಂಟೆಗೆ, ಏಣಿಯ ಮೇಲೆ ಅರ್ಧ ದೇಹವನ್ನು ಅಟ್ಟದೊಳಗೆ ತೂರಿಸಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೂಲೆಯ ಒಂದು ರಟ್ಟಿನ ಪೆಟ್ಟಿಗೆಯನ್ನು ಎಳೆದೆ. ಒಳಗೆ ಹಳೆಯ ದಿಂಬೊಂದರ ಮಗ್ಗುಲಲ್ಲಿ ಎರಡನೆಯ ಅಲಾರಂ ಮಲಗಿತ್ತು. ನಮ್ಮ ಮುಖಕ್ಕೇ ಒಂದು ಸಲ ಕೂಗಿತು. ಪೆಟ್ಟಿಗೆಯ ಮೇಲೆ ಯಜಮಾನರ ದುಂಡು ಅಕ್ಷರದ ಚೀಟಿ: 'ನಿಮಗೆ ಉಪಯೋಗಕ್ಕೆ ಬರಬಹುದು.'

ಇಡೀ ಮನೆಯಲ್ಲಿ ಅವರು ಚೀಟಿ ಅಂಟಿಸಿದ್ದು ಇದೊಂದಕ್ಕೇ.

ಯಜಮಾನರಿಗೆ ನಾನು ಫೋನ್ ಮಾಡಿದ್ದು ಅಂದಲ್ಲ, ಬಚ್ಚಲಿನ ನಲ್ಲಿ ಬುಡಸಮೇತ ಕೈಗೆ ಬಂದ ದಿನ. ನೀರು ಎದುರಿನ ಗೋಡೆಗೆ ಚಿಮ್ಮುತ್ತಿತ್ತು. ಹೆಂಡತಿ ರಂಧ್ರಕ್ಕೆ ಅಂಗೈ ಒತ್ತಿ ನಿಂತಿದ್ದಳು. ಮನೆಗೆ ನೀರು ಬರುವ ಮುಖ್ಯ ವಾಲ್ವ್ ಎಲ್ಲಿದೆ ಎಂದು ಕೇಳುವುದಕ್ಕೆ ಉಳಿದವರು ಅವರೊಬ್ಬರೇ. ಅವರೋ ಮೊದಲು ನಮ್ಮೆಲ್ಲರ ಆರೋಗ್ಯ ವಿಚಾರಿಸಿದರು. ಹಿತ್ತಲಿನ ಗಿಡ ಹೂ ಬಿಟ್ಟಿತೇ ಎಂದರು. ನಾನು ನೀರಿನ ಸದ್ದಿನ ನಡುವೆ ಕಿರುಚಿದ ಮೇಲೆ, "ಮಲಗುವ ಕೋಣೆಯ ಎಡಗೋಡೆಯಲ್ಲಿ, ಕೆಳಗೆ, ಒಂದು ಸಣ್ಣ ಮುಚ್ಚಳ ಇದೆಯಲ್ಲ, ಅದರೊಳಗೆ. ಅಯ್ಯೋ, ನಾನು ಹೇಳಲಿಲ್ಲವೇ?" ಎಂದರು.

ಆ ಎಡಗೋಡೆಗೆ ನಾವು ನೆಲದಿಂದ ಛಾವಣಿಯವರೆಗೆ ಬಟ್ಟೆಯ ಬೀರು ಕೂರಿಸಿ ನಾಲ್ಕು ತಿಂಗಳಾಗಿತ್ತು. ತಲೆಕೆಳಗು ಮಾಡಿ ಕೊಡವಿದರೂ ಅದು ಉದುರುವಂತಿರಲಿಲ್ಲ. ಬಡಗಿಯನ್ನು ಕರೆಸಿ ಬೀರುವಿನ ಬೆನ್ನನ್ನು ಕೊರೆಯಿಸುವ ಹೊತ್ತಿಗೆ ನೀರು ಹಜಾರವನ್ನು ದಾಟಿ, ಹೊಸಿಲನ್ನು ದಾಟಿ, ಪಕ್ಕದ ಮನೆಯವರನ್ನು ಮಾತಾಡಿಸಲು ತಾನೇ ಹೊರಟಿತ್ತು.

ಈಗ ನಾವೇ ಆ ಮನೆಯನ್ನು ಮಾರಿ ಬಂದಿದ್ದೇವೆ. ಗಂಟೆಯನ್ನು ಮುಟ್ಟಲಿಲ್ಲ. ಬಲ್ಬುಗಳನ್ನೆಲ್ಲ ಬಿಟ್ಟೆವು, ಒಂದು ಸುಟ್ಟಿತ್ತು, ಅದನ್ನೂ ಬದಲಿಸಿಟ್ಟೆವು. ಅಟ್ಟದಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಉಳಿಸಲಿಲ್ಲ. ಗೋಡೆಯ ಬಣ್ಣದ ಹೆಸರು, ಸಂಖ್ಯೆ ಬರೆದಿಟ್ಟೆವು. ಬೀಗದ ಕೈಗಳಿಗೆ ಒಂದೊಂದು ಬಿಲ್ಲೆ ಕಟ್ಟಿದೆವು. ಕೊನೆಯ ವಾರವೆಲ್ಲ ನಾನು ಇನ್ನೂರು ಪುಟದ ಒಂದು ನೋಟುಪುಸ್ತಕ ತೆರೆದುಕೊಂಡು ಮನೆಯ ಗುಣಸ್ವಭಾವಗಳನ್ನು ಬರೆದೆ. ವಾಲ್ವ್ ಎಲ್ಲಿದೆ, ಯಾವ ಕಡೆಗೆ ತಿರುಗಿಸಬೇಕು. ಮೀಟರ್ ಪೆಟ್ಟಿಗೆಯ ಯಾವ ಸ್ವಿಚ್ ಯಾವ ಕೋಣೆಗೆ. ಹಿತ್ತಲ ಬಾಗಿಲನ್ನು ತುಸು ಎತ್ತಿ ತಳ್ಳಿದರೆ ಮಾತ್ರ ಚಿಲಕ ಬೀಳುತ್ತದೆ. ಒಲೆಯ ಪಕ್ಕದ ಮೇಲಿನ ಡ್ರಾಯರ್ ಎಳೆದರೆ ಬರುವುದಿಲ್ಲ. ಕೆಳಗಿನದನ್ನು ಮೊದಲು ಅರ್ಧ ತೆರೆದು, ಒಳಗಿನಿಂದ ಕೈ ಹಾಕಿ ಮೇಲಿನದರ ತಳವನ್ನು ಎಡಕ್ಕೆ ಸರಿಸಬೇಕು. ಕೊನೆಯ ಪುಟದಲ್ಲಿ ಕಾಲೊರಸಿನ ಕೆಳಗಿನ ಗುಟ್ಟನ್ನೂ ಬಿಡಿಸಿ ಹೇಳಿದೆ. ಹೆಂಡತಿ ಓದಿ, ನಮ್ಮ ಮದುವೆಯಾದಾಗ ನನ್ನ ಬಗ್ಗೆ ಇಂಥದ್ದೊಂದನ್ನು ಬರೆದು ಕೊಟ್ಟಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು ಎಂದಳು.

ಕೊಂಡವರು ಹೊಸದಾಗಿ ಸಂಸಾರ ಹೂಡಿದ ಹುಡುಗ ಹುಡುಗಿ. ಹೊರಡುವ ಗಡಿಬಿಡಿಯಲ್ಲಿ ನೋಟುಪುಸ್ತಕ ಕಳೆದುಹೋಗಬಾರದೆಂದು ಭದ್ರವಾದ ಜಾಗ ನೋಡಿ ನಾನೇ ಇಟ್ಟು ಬಂದೆ.

ಹದಿನೈದು ದಿನದ ಮೇಲೆ ಹುಡುಗನ ಫೋನ್ ಬಂತು. ನಾನು ಎಲ್ಲರ ಆರೋಗ್ಯ ವಿಚಾರಿಸಿದೆ. ಹಿತ್ತಲಿನ ಗಿಡ ಹೂ ಬಿಟ್ಟಿತೇ ಎಂದು ಕೇಳಿದೆ. "ಅಂಕಲ್, ಎಲ್ಲಾ ಚೆನ್ನಾಗಿದೆ. ಒಲೆಯ ಪಕ್ಕದ ಒಂದು ಡ್ರಾಯರ್ ಮಾತ್ರ ಏನು ಮಾಡಿದರೂ ಬರುತ್ತಿಲ್ಲ" ಎಂದ.

"ಅದಕ್ಕೇನಪ್ಪಾ, ಎಲ್ಲ ವಿವರವಾಗಿ ಬರೆದಿಟ್ಟಿದ್ದೇನೆ, ನೋಟುಪುಸ್ತಕ ನೋಡು" ಎಂದೆ ಹೆಮ್ಮೆಯಿಂದ.

"ಯಾವ ನೋಟುಪುಸ್ತಕ? ಎಲ್ಲಿದೆ ಅಂಕಲ್?"

ಒಂದು ಕ್ಷಣ ತಡೆದೆ. ಆಮೇಲೆ ನನ್ನ ಬಾಯಿಂದ ಬಂದದ್ದು ನನ್ನ ದನಿಯಾಗಿರಲಿಲ್ಲ, ಹಳೆಯ ಯಜಮಾನರದು:

"ಅಯ್ಯೋ, ನಾನು ಹೇಳಲಿಲ್ಲವೇ?"