ಕಾರು ನಮ್ಮದೇ, ಬಾಲಿ ನಮ್ಮದಲ್ಲ

ಬಾಲಿ ದ್ವೀಪವನ್ನು ಒಂದೇ ದಿನದಲ್ಲಿ ನೋಡಿ ಮುಗಿಸುವ ಯೋಜನೆ ಸಿದ್ಧವಾಗುವುದು ಹಿಂದಿನ ರಾತ್ರಿ, ಹೋಟೆಲಿನ ಹಾಸಿಗೆಯ ಮೇಲೆ, ಕಾಲು ಚಾಚಿಕೊಂಡು. ಮೊಬೈಲಿನ ನಕ್ಷೆಯಲ್ಲಿ ಇಡೀ ದ್ವೀಪ ಅಂಗೈಯಗಲ. ಪೂರ್ವದಲ್ಲಿ ಲೆಂಪುಯಾಂಗ್ ದೇವಸ್ಥಾನ, ನಡುವೆ ಉಬುದ್, ಪಶ್ಚಿಮದ ಕಡಲಂಚಿಗೆ ತಾನಾ ಲೋಟ್ ದೇವಸ್ಥಾನ, ದಕ್ಷಿಣದ ತುದಿಗೆ ಉಲುವಾಟು. ನಾಲ್ಕು ಚುಕ್ಕಿ ಇಟ್ಟು ಗೆರೆ ಎಳೆದರೆ ರಂಗೋಲಿ ಮುಗಿಯಿತು. ಬೆಳಗ್ಗೆ ಈ ಪಟ್ಟಿಯನ್ನು ಡ್ರೈವರ್‌ಗೆ ತೋರಿಸಿದರೆ ಆತ ನಗುತ್ತಾನೆ. 'ಆಗಲ್ಲ' ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವುದು ಅಲ್ಲಿನವರ ಜಾಯಮಾನವಲ್ಲ. 'ಟ್ರೈ ಮಾಡೋಣ' ಅನ್ನುತ್ತಾನೆ. ಅರ್ಥ, ಆಗಲ್ಲ ಅಂತಲೇ.

ಪ್ರೈವೇಟ್ ಟೂರ್ ಎಂಬ ಮಾತಿನಲ್ಲಿ ಪ್ರೈವೇಟ್ ಆಗಿರುವುದು ಕಾರು ಒಂದೇ. ರಸ್ತೆ, ಮೋಡ, ಸಮುದ್ರ, ಕೋತಿ ಎಲ್ಲ ಸಾರ್ವಜನಿಕ. ಸಾಮಾನ್ಯವಾಗಿ ಕಾರನ್ನು ಹತ್ತು ಗಂಟೆಯ ಲೆಕ್ಕಕ್ಕೆ ಕೊಡುತ್ತಾರೆ. ಆ ಹತ್ತು ಗಂಟೆ ಹೋಟೆಲ್ ಬಾಗಿಲಲ್ಲಿ ಶುರುವಾಗಿ ಹೋಟೆಲ್ ಬಾಗಿಲಲ್ಲೇ ಮುಗಿಯುತ್ತದೆ, ಮೊದಲ ದೇವಸ್ಥಾನದ ಬಾಗಿಲಲ್ಲಿ ಅಲ್ಲ. ಎಂಟಕ್ಕೆ ಬಂದು ನಿಂತ ಕಾರಿಗೆ ನೀವು ತಿಂಡಿ ಮುಗಿಸಿ, ಮೇಲೆ ಹೋಗಿ ಟೋಪಿ ತಂದು, ಮತ್ತೆ ಹೋಗಿ ಚಾರ್ಜರ್ ತಂದು ಎಂಟೂ ಮುಕ್ಕಾಲಿಗೆ ಹತ್ತಿದರೆ, ಆ ಮುಕ್ಕಾಲು ಗಂಟೆಯೂ ಬಾಡಿಗೆಯಲ್ಲೇ ಓಡಿರುತ್ತದೆ. ಭಾರತಕ್ಕಿಂತ ಬಾಲಿ ಎರಡೂವರೆ ಗಂಟೆ ಮುಂದಿದೆ. ಅಲ್ಲಿನ ಎಂಟು ನಮ್ಮ ದೇಹಕ್ಕೆ ಇನ್ನೂ ಐದೂವರೆ, ಇದು ಡ್ರೈವರ್‌ಗೂ ಗೊತ್ತು. ಅದಕ್ಕೇ ಆತ ಹತ್ತು ನಿಮಿಷ ಮೊದಲೇ ಬಂದು ನಿಂತು ಮೌನವಾಗಿ ಒತ್ತಡ ಹೇರುವುದು.

ಗುತ್ತಿಗೆಯಲ್ಲಿ ಏನೇನು ಸೇರಿದೆ ಎಂದು ಹಿಂದಿನ ದಿನವೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ಕಾರು, ಪೆಟ್ರೋಲು, ಡ್ರೈವರ್ ಸಾಮಾನ್ಯವಾಗಿ ಸೇರಿರುತ್ತವೆ. ದೇವಸ್ಥಾನಗಳ ಟಿಕೆಟ್ ಸೇರಿರುವುದಿಲ್ಲ. ಪಾರ್ಕಿಂಗ್ ಒಬ್ಬೊಬ್ಬರಲ್ಲಿ ಒಂದೊಂದು ಥರ. ಹತ್ತು ಗಂಟೆ ಮೀರಿದರೆ ಗಂಟೆಗಿಷ್ಟು ಎಂದು ಹೆಚ್ಚುವರಿ. 2024ರ ಫೆಬ್ರವರಿ 14ರಿಂದ ವಿದೇಶಿ ಪ್ರವಾಸಿಗರು ಕೊಡಬೇಕಾದ 1,50,000 ರುಪಿಯಾ ತೆರಿಗೆಯಂತೂ ಇದ್ಯಾವುದಕ್ಕೂ ಸಂಬಂಧಪಟ್ಟಿದ್ದಲ್ಲ. ಅದನ್ನು ಮೊದಲೇ ಆನ್‌ಲೈನಿನಲ್ಲಿ ಕಟ್ಟಿ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಉಳಿಸಿಟ್ಟುಕೊಂಡಿರಬೇಕು.

ಈ ಸೊನ್ನೆಗಳದ್ದೇ ಒಂದು ಪ್ರತ್ಯೇಕ ಸಂಕಟ. ಸಾವಿರದ ಜಾಗದಲ್ಲಿ ನಾವು ಅಲ್ಪವಿರಾಮ ಹಾಕಿದರೆ ಇಂಡೋನೇಷ್ಯಾದವರು ಚುಕ್ಕಿ ಇಡುತ್ತಾರೆ. ಬೋರ್ಡಿನ ಮೇಲೆ 100.000 ಎಂದಿದ್ದರೆ ಅದು ನೂರಲ್ಲ, ಒಂದು ಲಕ್ಷ. 'ಬರೀ ನೂರು ರುಪಿಯಾ!' ಎಂದು ಹಿಗ್ಗಿ ನಾಲ್ಕು ಜನರಿಗೆ ಉಯ್ಯಾಲೆ ಬುಕ್ ಮಾಡಿದವರು ಕೌಂಟರಿನ ಮುಂದೆ ಪರ್ಸು ತೆರೆದು ಸೊನ್ನೆ ಎಣಿಸುತ್ತಾ ನಿಂತಿರುವ ದೃಶ್ಯ ಸಾಮಾನ್ಯ. ಮೆನುಗಳಲ್ಲಿ ಸೊನ್ನೆಗಳನ್ನೇ ಕಿತ್ತುಹಾಕಿ 75 'ಕೆ' ಎಂದು ಬರೆಯುತ್ತಾರೆ. ಮಾತಿನಲ್ಲಿ ಸಾವಿರಕ್ಕೆ 'ರಿಬು', ಹತ್ತು ಲಕ್ಷಕ್ಕೆ 'ಜುತಾ'. ರಿಬುವಿನಿಂದ ಜುತಾಕ್ಕೆ ಸಾಯಂಕಾಲದೊಳಗೆ ಬಡ್ತಿ ಸಿಗುತ್ತದೆ. ಹಣ ಬದಲಿಸುವಾಗ, ಎಲ್ಲರಿಗಿಂತ ಹೆಚ್ಚು ದರ ಬರೆದುಕೊಂಡ ಗೂಡಂಗಡಿಯ ಮುಂದೆ ನಿಲ್ಲಬೇಡಿ. ಅಲ್ಲಿ ಸಣ್ಣ ನೋಟುಗಳನ್ನು ಗುಡ್ಡೆ ಗುಡ್ಡೆ ಜೋಡಿಸಿ, ಎಣಿಸಿ, ನಿಮ್ಮಿಂದಲೂ ಎಣಿಸಿ, 'ಇನ್ನೊಮ್ಮೆ ನೋಡಿಬಿಡ್ತೀನಿ' ಎಂದು ವಾಪಸ್ ಪಡೆಯುತ್ತಾರೆ. ಗುಡ್ಡೆಯ ಒಂದು ತುಣುಕು ಮೇಜಿನ ಆಚೆ ಜಾರುವುದು ಆಗಲೇ. ಕೊನೆಗೆ ಎಣಿಸಿದ ಕೈ ನಿಮ್ಮದಾಗಿರಬೇಕು, ಎಣಿಸಿದ ಮೇಲೆ ನೋಟು ಮತ್ತೆ ಆಚೆ ಹೋಗಬಾರದು.

ಡ್ರೈವರ್‌ನ ಹೆಸರು ವಯಾನ್ ಆಗಿರುವ ಸಾಧ್ಯತೆ ದೊಡ್ಡದು. ಬಾಲಿಯ ಬಹುತೇಕ ಮನೆಗಳಲ್ಲಿ ಹುಟ್ಟಿದ ಕ್ರಮಕ್ಕೆ ಹೆಸರು: ಮೊದಲನೆಯದು ವಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೋಮಾನ್, ನಾಲ್ಕನೆಯದು ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಯಾನ್‌ನಿಂದ ಶುರು. ಹೆಣ್ಣಾಗಲಿ ಗಂಡಾಗಲಿ ಇದೇ ಸಾಲು. ಇದರ ಬಿಸಿ ತಟ್ಟುವುದು ತಾನಾ ಲೋಟ್‌ನ ಪಾರ್ಕಿಂಗ್‌ನಲ್ಲಿ. ಸೂರ್ಯ ಮುಳುಗಿ ಐದು ನಿಮಿಷಕ್ಕೆ ಸಾವಿರ ಜನ ಒಟ್ಟಿಗೆ ಕಾರು ಹುಡುಕುತ್ತಿರುತ್ತಾರೆ. ಕಾರುಗಳು ಹೆಚ್ಚುಕಡಿಮೆ ಎಲ್ಲ ಟೊಯೋಟಾ ಅವಾನ್ಜಾ, ಬಣ್ಣ ಬಿಳಿ ಅಥವಾ ಕಪ್ಪು, ನಂಬರ್ ಪ್ಲೇಟ್ ಎಲ್ಲವೂ 'ಡಿಕೆ'ಯಿಂದಲೇ ಶುರು, ಏಕೆಂದರೆ ಅದು ಇಡೀ ದ್ವೀಪದ ಸಂಕೇತ. ನೀವು 'ವಯಾನ್!' ಎಂದು ಕೂಗಿದರೆ ಆರು ಜನ ತಿರುಗಿ ನೋಡುತ್ತಾರೆ, ಆರೂ ಜನ ನಿಮ್ಮವರಂತೆಯೇ ನಗುತ್ತಾರೆ. ಹತ್ತುವ ಮೊದಲು ಪ್ಲೇಟಿನದ್ದೊಂದು ಫೋಟೊ ತೆಗೆದಿಟ್ಟುಕೊಂಡರೆ ಈ ಕಷ್ಟವಿಲ್ಲ. ಕರೆಯುವಾಗ 'ಬ್ಲಿ' ಅನ್ನಿ, ಅಣ್ಣ ಎಂದಂತೆ. ಮರ್ಯಾದೆಯೂ ಆಯಿತು, ಹೆಸರು ಮರೆತದ್ದೂ ಮುಚ್ಚಿಹೋಯಿತು.

ಇನ್ನು ಲೆಂಪುಯಾಂಗ್. ಆಕಾಶಕ್ಕೆ ಬಾಯ್ತೆರೆದ ಸೀಳು ಗೋಪುರ, ಅದರ ನಡುವೆ ಅಗುಂಗ್ ಪರ್ವತ, ಕೆಳಗೆ ನಿಶ್ಚಲ ಸರೋವರದಲ್ಲಿ ಎಲ್ಲದರ ಪ್ರತಿಬಿಂಬ: ಈ ಫೋಟೊ ನೋಡದವರಿಲ್ಲ. ಸರೋವರ ಇಲ್ಲ. ಅಲ್ಲಿರುವುದು ಕಲ್ಲು ಹಾಸಿದ ಅಂಗಳ. ಎದುರಿಗೆ ಕೂತ ಫೋಟೊಗ್ರಾಫರ್ ನಿಮ್ಮ ಮೊಬೈಲನ್ನೇ ಇಸಕೊಂಡು, ಲೆನ್ಸಿನ ಕೆಳಗೆ ಅಂಗೈಯಷ್ಟು ಕನ್ನಡಿ ಚೂರನ್ನು ಅಡ್ಡ ಹಿಡಿಯುತ್ತಾನೆ. ಸರೋವರ ಅಷ್ಟೇ ದೊಡ್ಡದು. ಅದರ ಮುಂದೆ ನಿಲ್ಲಲು ದಕ್ಷಿಣದ ಹೋಟೆಲುಗಳಿಂದ ಎರಡೂವರೆ ಗಂಟೆ ಪ್ರಯಾಣ, ಕೆಳಗೆ ಕಾರು ಬಿಟ್ಟು ಅವರ ಗಾಡಿಯಲ್ಲಿ ಮೇಲಕ್ಕೆ, ಸೊಂಟಕ್ಕೆ ಸರೋಂಗ್ ಎಂಬ ಪಂಚೆಯಂಥ ಬಟ್ಟೆ, ಕೈಗೊಂದು ನಂಬರಿನ ಚೀಟಿ, ಆಮೇಲೆ ಎರಡು ಗಂಟೆಯೋ ಮೂರು ಗಂಟೆಯೋ ಕಾಯುವಿಕೆ.

ನಿಮ್ಮ ನಂಬರ್ ಬಂದಾಗ ಸಿಗುವುದು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಮೈಕಿನಲ್ಲಿ ಆಜ್ಞೆ ಬರುತ್ತದೆ: ಕೈ ಮೇಲೆ, ತಿರುಗು, ಹಾರು. ಎಡವಟ್ಟುಗಳೆಲ್ಲ ಆ ಒಂದು ನಿಮಿಷಕ್ಕೇ ಕಾದಿರುತ್ತವೆ. ನೀವು ಗಾಳಿಯಲ್ಲಿ ಹಾರಿದ ಕ್ಷಣಕ್ಕೆ ಸರಿಯಾಗಿ ಊರಿನಿಂದ 'ಏನ್ ಮಾಡ್ತಿದ್ದೀರಾ?' ಎಂದು ಫೋನ್ ಬಂದು ಕ್ಯಾಮೆರಾ ಮಾಯ. ಅಥವಾ ಮೆಮೊರಿ ತುಂಬಿದೆ ಎಂಬ ಸೂಚನೆ. ಸಾಲಿನಲ್ಲಿ ಕೂತಿರುವಾಗಲೇ ಜಾಗ ಖಾಲಿ ಮಾಡಿ, ಲೆನ್ಸ್ ಒರೆಸಿ, ಫ್ಲೈಟ್ ಮೋಡ್‌ಗೆ ಹಾಕಿಟ್ಟುಕೊಳ್ಳಿ. ಇಷ್ಟೆಲ್ಲ ಮಾಡಿದರೂ ಪರ್ವತ ಸಿಗುವ ಭರವಸೆಯಿಲ್ಲ. 3,000 ಮೀಟರ್ ದಾಟಿದ ಅಗುಂಗ್‌ಗೆ ಬಿಸಿಲೇರುತ್ತಿದ್ದಂತೆ ಮೋಡ ಮುಸುಕುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟವರಿಗೆ ಪರ್ವತ, ಎಂಟಕ್ಕೆ ಹೊರಟವರಿಗೆ ಬಿಳಿ ಗೋಡೆ. ಲೆಂಪುಯಾಂಗ್ ಬೇಕೇಬೇಕು ಎನ್ನುವವರು ಆ ದಿನವನ್ನು ಪೂರ್ವ ದಿಕ್ಕಿಗೇ ಬರೆದುಕೊಟ್ಟು ಹತ್ತಿರದ ತೀರ್ಥ ಗಂಗಾ ನೋಡಿಕೊಂಡು ಬರಲಿ. ಅದೇ ದಿನ ಉಲುವಾಟು ಸೂರ್ಯಾಸ್ತವೂ ಬೇಕೆಂದರೆ ನೋಡಸಿಗುವುದು ಮುಂದಿನ ಕಾರಿನ ಹಿಂಬದಿ ದೀಪ.

ಉಬುದ್ ಕಡೆಗೆ ಹೋದವರಿಗೆ ತಂಪಾಕ್‌ಸಿರಿಂಗ್‌ನ ತೀರ್ಥ ಎಂಪುಲ್ ಎಂಬ ಪುಣ್ಯಸ್ನಾನದ ದೇವಸ್ಥಾನವಿದೆ, ಕ್ರಿ.ಶ. 962ರಷ್ಟು ಹಳೆಯದು. ಒಳಗಿನ ಕೊಳದ ತಳದಲ್ಲಿ ಕಪ್ಪು ಮರಳನ್ನು ಎಬ್ಬಿಸುತ್ತಾ ಊಟೆ ಉಕ್ಕುವುದನ್ನು ಹೊರಗೇ ನಿಂತು ನೋಡಬಹುದು. ಬಹಳ ಜನ ಅಷ್ಟಕ್ಕೇ ನಿಲ್ಲುವುದಿಲ್ಲ, ನೀರಿಗಿಳಿಯುತ್ತಾರೆ. ಇಳಿಯಲು ಬೇರೆಯೇ ಸರೋಂಗ್ ಕೊಡುತ್ತಾರೆ, ಸುತ್ತಾಡುವಾಗ ಉಟ್ಟದ್ದು ನಡೆಯದು. ಪಂಚೆ ಉಟ್ಟು ಅಭ್ಯಾಸವಿರುವವರು 'ಇದೇನು ಮಹಾ' ಎಂದು ಒಂದು ಸುತ್ತು ಸುತ್ತಿ ಸೊಂಟದಲ್ಲಿ ಸಿಕ್ಕಿಸಿ ದುಡುಂ ಎಂದು ಇಳಿಯುತ್ತಾರೆ. ಬಟ್ಟೆಯೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಸರೋಂಗ್ ಛತ್ರಿಯ ಹಾಗೆ ಅರಳಿ ನೀರಿನ ಮೇಲೆ ತೇಲತೊಡಗುತ್ತದೆ. ಎರಡೂ ಕೈ ಛತ್ರಿ ಅದುಮಲು ಬೇಕು, ಅದೇ ಎರಡು ಕೈ ಚಿಲುಮೆಯ ಮುಂದೆ ಜೋಡಿಸಲೂ ಬೇಕು. ಉಪಾಯ ಇಷ್ಟೇ: ಬಟ್ಟೆಯ ತುದಿಯನ್ನು ಪಕ್ಕಕ್ಕೆ ತಂದು ಗಂಟು ಹಾಕಿ, ಅದರ ಮೇಲೆ ಸೊಂಟಪಟ್ಟಿಯನ್ನು ಬಿಗಿದು ಎರಡು ಗಂಟು, ಆಮೇಲೆ ಮೆಟ್ಟಿಲ ಮೇಲೆ ನಿಂತು ಕೆಳಗಿನಿಂದ ಬಟ್ಟೆಯನ್ನು ತೋಯಿಸಿಕೊಳ್ಳುತ್ತಾ ನಿಧಾನಕ್ಕೆ ಇಳಿಯುವುದು.

ಚಿಲುಮೆಗಳಿಗೆ ಎಡದಿಂದ ಬಲಕ್ಕೆ ಸಾಲಾಗಿ ತಲೆಯೊಡ್ಡಬೇಕು. ಅವುಗಳಲ್ಲಿ ಎರಡು ಸತ್ತವರ ವಿಧಿಗೆ ಮೀಸಲು. ಸಾಲಿಲ್ಲದೆ ಖಾಲಿಯಾಗಿ ಹರಿಯುವ ಚಿಲುಮೆ ಕಂಡರೆ 'ಅದೃಷ್ಟ!' ಎಂದು ನುಗ್ಗಬೇಡಿ, ಖಾಲಿ ಇರುವುದಕ್ಕೆ ಕಾರಣವಿದೆ. ಮುಟ್ಟಾದವರು ದೇವಸ್ಥಾನಗಳಿಗೆ ಬರಬಾರದೆಂಬ ಬೋರ್ಡು ಹೊರಗೇ ಇರುತ್ತದೆ, ಟಿಕೆಟ್ ಕೊಳ್ಳುವ ಮೊದಲೇ ಓದಿಕೊಳ್ಳುವುದು ಲೇಸು. ಎಲ್ಲ ಮುಗಿದ ಮೇಲೆ ಲಾಕರಿನ ಮುಂದೆ ನಿಂತಾಗ ಜ್ಞಾನೋದಯ: ಟವೆಲ್ ತಂದಿದ್ದೇವೆ, ಅಂಗಿ ತಂದಿದ್ದೇವೆ, ಪ್ಯಾಂಟ್ ತಂದಿದ್ದೇವೆ, ಒಳಉಡುಪು ಹೋಟೆಲಿನಲ್ಲಿದೆ. ಮುಂದಿನ ನಾಲ್ಕು ಗಂಟೆ ಎಸಿ ಕಾರಿನಲ್ಲಿ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಅನುಭವಸ್ಥ ಡ್ರೈವರ್ ಮಾತಾಡದೆ ಡಿಕ್ಕಿಯಿಂದ ಪ್ಲಾಸ್ಟಿಕ್ ಹಾಳೆ ತೆಗೆದು ಸೀಟಿಗೆ ಹಾಸುತ್ತಾನೆ.

ದಾರಿಯಲ್ಲಿ ಕಾಫಿ ತೋಟಕ್ಕೆ ನಿಲ್ಲಿಸುತ್ತಾರೆ, ನಿಲ್ಲಿಸಿದ್ದಕ್ಕೆ ಡ್ರೈವರ್‌ಗೆ ಕಮಿಷನ್ ಸಿಗುವುದುಂಟು. ಹಲಗೆಯ ಮೇಲೆ ಹತ್ತು ಹನ್ನೆರಡು ಪುಟ್ಟ ಲೋಟಗಳಲ್ಲಿ ಬಗೆಬಗೆಯ ಚಹಾ, ಕಾಫಿ ಪುಕ್ಕಟೆ. 'ಲುವಾಕ್' ಕಾಫಿಗೆ ಮಾತ್ರ ದುಡ್ಡು. ಲುವಾಕ್ ಎಂದರೆ ನಮ್ಮ ಪುನುಗು ಬೆಕ್ಕಿನ ಬಂಧು. ಅದು ಕಾಫಿ ಹಣ್ಣು ತಿಂದು ಹಿಂಬಾಗಿಲಿನಿಂದ ಬಿಟ್ಟ ಬೀಜವನ್ನೇ ತೊಳೆದು ಹುರಿಯುವುದು. ಕುಡಿದ ಮೇಲೆ ಕೇಳಿ ತಿಳಿದುಕೊಳ್ಳುವವರ ಮುಖ ನೋಡುವುದೇ ಅಲ್ಲಿನ ನಿಜವಾದ ಪ್ರೇಕ್ಷಣೀಯ ಸ್ಥಳ. ಬೆಕ್ಕುಗಳು ಪಂಜರದಲ್ಲಿ ಸುತ್ತುತ್ತಿರುವುದನ್ನು ನೋಡಿದರೆ ಕಾಫಿ ಒಗರಾಗುತ್ತದೆ, ನಿಲ್ಲಿಸುವುದು ಬೇಡ ಎಂದು ಬೆಳಗ್ಗೆಯೇ ಹೇಳಿಬಿಡಬಹುದು.

ಸಸ್ಯಾಹಾರಿಗಳಿಗೆ ಊಟದ ಹೊತ್ತಿಗೆ ಒಂದು ಎಚ್ಚರ. ಗಾದೊ-ಗಾದೊ ಬೇಯಿಸಿದ ತರಕಾರಿಗೆ ಕಡಲೆಕಾಯಿ ಸಾರು ಹಾಕಿದ್ದು, ಸಂತೋಷ. ಮೇಲೆ ಸಿಕ್ಕಿಸಿದ ಹಪ್ಪಳ ಬಹಳ ಸಲ ಸಿಗಡಿಯದು. ಪಕ್ಕದ ಸಂಬಲ್ ಎಂಬ ಮೆಣಸಿನಕಾಯಿ ಚಟ್ನಿಯಲ್ಲಿ 'ತೆರಾಸಿ', ಅದೂ ಸಿಗಡಿಯದೇ. 'ವೆಜಿಟೇರಿಯನ್' ಎಂದರೆ ಮಾಂಸ ತೆಗೆದಿಟ್ಟು ಬಡಿಸಿಯಾರು. 'ತನ್ಪಾ ತೆರಾಸಿ, ತನ್ಪಾ ಉದಾಂಗ್, ತನ್ಪಾ ಇಕಾನ್' ಎಂದು ಮಂತ್ರದ ಹಾಗೆ ಹೇಳಿ. ತನ್ಪಾ ಎಂದರೆ 'ಇಲ್ಲದೆ', ಉದಾಂಗ್ ಸಿಗಡಿ, ಇಕಾನ್ ಮೀನು.

ರಸ್ತೆ ಯಾವಾಗ ಮುಚ್ಚುತ್ತದೆ ಎಂದು ನಕ್ಷೆಗೂ ತಿಳಿಯದು. ಬಾಲಿಯ ಬಹುತೇಕ ದೇವಸ್ಥಾನಗಳ ಉತ್ಸವ 210 ದಿನಕ್ಕೊಮ್ಮೆ ಸುತ್ತಿ ಬರುತ್ತದೆ, ದೇವಸ್ಥಾನಗಳೋ ಸಾವಿರಾರು, ಹಾಗಾಗಿ ಎಲ್ಲೋ ಒಂದು ಕಡೆ ಯಾವತ್ತೂ ಮೆರವಣಿಗೆ. ಕಪ್ಪು-ಬಿಳಿ ಚೌಕುಳಿ ಬಟ್ಟೆ ಉಟ್ಟ ಊರ ಕಾವಲುಗಾರ 'ಪೆಚಲಾಂಗ್' ಕೈ ಅಡ್ಡ ಹಿಡಿದರೆ ಮುಗಿಯಿತು, ಹಾರ್ನ್ ಹೊಡೆಯುವ ಪ್ರಶ್ನೆಯೇ ಇಲ್ಲ. ಇಳಿದು ನೋಡಿ, ದುಡ್ಡಿಲ್ಲದೆ ಸಿಗುವ ಅತ್ಯುತ್ತಮ ದರ್ಶನ ಅದೇ. ಇಳಿಯುವಾಗ ಕಾಲ ಕೆಳಗೆ ನೋಡಿ ಅಷ್ಟೇ, ಎಳೆಗರಿಯ ಪುಟ್ಟ ಬುಟ್ಟಿಯಲ್ಲಿ ಹೂವಿಟ್ಟ ಚನಾಂಗ್ ನೆಲದ ಮೇಲೆಯೇ ಇರುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಹೋಗುವವರಂತೂ ಕ್ಯಾಲೆಂಡರ್ ನೋಡಿಯೇ ಟಿಕೆಟ್ ಮಾಡಬೇಕು. ಅವರ ಶಕ ವರ್ಷದ ಮೊದಲ ದಿನ 'ನ್ಯೆಪಿ', ವಿಮಾನ ನಿಲ್ದಾಣವೂ ಸೇರಿ 24 ಗಂಟೆ ಇಡೀ ದ್ವೀಪ ಬಂದ್, ಹೋಟೆಲಿನ ಗೇಟು ದಾಟುವಂತಿಲ್ಲ.

ಸಂಜೆಗೆ ಉಲುವಾಟು. ಕಡಲಿಗೆ ಚಾಚಿದ ಬಂಡೆಯ ತುದಿಯಲ್ಲಿ ದೇವಸ್ಥಾನ, ಗೋಡೆಯುದ್ದಕ್ಕೂ ಕೋತಿಗಳು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ಎಂಬ ಗಾದೆ ಕಟ್ಟಿದವರು ಇಲ್ಲಿಗೆ ಬಂದಿರಲಾರರು. ಇಲ್ಲಿನ ಮಂಗಕ್ಕೆ ಮಾಣಿಕ್ಯದ ಬೆಲೆ ಚೆನ್ನಾಗಿ ಗೊತ್ತು. ಕದ್ದ ಮಾಲಿಗೆ ಪ್ರತಿಯಾಗಿ ತಿಂಡಿ ಪಡೆಯುವ ಇವುಗಳ ವ್ಯಾಪಾರವನ್ನು ಸಂಶೋಧಕರು ತಿಂಗಳುಗಟ್ಟಲೆ ನೋಡಿ 2021ರಲ್ಲಿ ಪ್ರಕಟಿಸಿದ್ದಾರೆ: ಬಲಿತ ಕೋತಿಗಳು ಮನುಷ್ಯರು ಹೆಚ್ಚು ಬೆಲೆ ಕೊಡುವ ವಸ್ತುವನ್ನೇ ಆರಿಸಿ ಕದಿಯುತ್ತವೆ. ಟೋಪಿ ಸಿಕ್ಕರೂ ಬಿಟ್ಟು ಮೊಬೈಲಿಗೆ, ಕನ್ನಡಕಕ್ಕೆ ಕೈ ಹಾಕುತ್ತವೆ. ಮರಿಗಳಿಗೆ ಈ ಲೆಕ್ಕ ಬರುವುದಿಲ್ಲ, ಬೆಳೆಯುತ್ತಾ ಕಲಿಯುತ್ತವೆ.

ಪವರ್ ಇರುವ ಕನ್ನಡಕ ಹೋದವರ ಪಾಡು ನೋಡಬೇಕು. ಯಾವ ಕೋತಿ ಎಂದು ತೋರಿಸಿ ಎಂದರೆ ತೋರಿಸಲು ಕನ್ನಡಕ ಬೇಕು. ಅಟ್ಟಿಸಿಕೊಂಡು ಹೋಗಬೇಡಿ, ಎಳೆದಾಡಬೇಡಿ. ಎಳೆದರೆ ಕಚ್ಚುತ್ತದೆ, ಬೆದರಿದರೆ ಮಾಲನ್ನು ಬಂಡೆಯಾಚೆ ಸಮುದ್ರಕ್ಕೆ ಬಿಡುತ್ತದೆ. ಅಲ್ಲೇ ಇರುವ ಕಾವಲುಗಾರನನ್ನು ಕರೆಯಿರಿ. ಆತ ಹಣ್ಣೋ ಮೊಟ್ಟೆಯೋ ಚಾಚುತ್ತಾನೆ, ಕೋತಿ ಕೆಲವೊಮ್ಮೆ ಮೊದಲ ಕೊಡುಗೆಯನ್ನು ನಿರಾಕರಿಸಿ ಕನ್ನಡಕದ ಕಾಲನ್ನು ಕಚ್ಚುತ್ತಾ ಕೂರುತ್ತದೆ. ಎರಡನೆಯದಕ್ಕೋ ಮೂರನೆಯದಕ್ಕೋ ವ್ಯವಹಾರ ಕುದುರುತ್ತದೆ. ವಾಪಸ್ ಬಂದದ್ದರ ಮೇಲೆ ಹಲ್ಲಿನ ಗುರುತು ಖಾತ್ರಿ. ಗೇಟಿನ ಹೊರಗೇ ಕನ್ನಡಕವನ್ನು ಡಬ್ಬಿಗೆ ಹಾಕಿ ಜಿಪ್ ಇರುವ ಚೀಲದಲ್ಲಿಟ್ಟು, ಜೊತೆಯವರ ಕೈ ಹಿಡಿದು ನಡೆಯುವುದೇ ಕ್ಷೇಮ. ಕಚ್ಚಿತೆಂದರೆ ತಮಾಷೆಯಲ್ಲ. 2008ರಿಂದ ಬಾಲಿಯಲ್ಲಿ ರೇಬೀಸ್ ಇದೆ. ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಕ್ಲಿನಿಕ್ಕಿಗೆ ಹೋಗಿ, ಕೆಚಾಕ್ ನೃತ್ಯ ನಾಳೆಯೂ ಇರುತ್ತದೆ.

ಆ ಕೆಚಾಕ್ ಆರು ಗಂಟೆಗೆ. ಐದಕ್ಕೇ ಹೋದರೆ ಸೂರ್ಯ ಎದುರಿಗಿರುವ ಸೀಟು. ಹತ್ತಾರು ಗಂಡಸರು ವೃತ್ತವಾಗಿ ಕೂತು 'ಚಕ್ ಚಕ್' ಎನ್ನುತ್ತಾ ವಾದ್ಯವೇ ಇಲ್ಲದೆ ರಾಮಾಯಣ ಆಡುತ್ತಾರೆ, ಬಿಳಿ ಹನುಮಂತ ಪ್ರೇಕ್ಷಕರ ನಡುವೆ ನುಗ್ಗಿ ಬೋಳು ತಲೆ ಸವರುತ್ತಾನೆ. ಹಿಂದಿನ ಗಂಟೆಯಷ್ಟೇ ಅವನ ಸೈನ್ಯಕ್ಕೆ ಕನ್ನಡಕ ಕೊಟ್ಟವರು ಆಗ ತಮ್ಮ ಚೀಲವನ್ನು ತಬ್ಬಿಕೊಳ್ಳುವುದುಂಟು.

ಏಳಕ್ಕೆ ಆಟ ಮುಗಿದು ಎಲ್ಲ ಕಾರುಗಳೂ ಒಂದೇ ರಸ್ತೆಗೆ ಇಳಿಯುತ್ತವೆ. ಎಂಟಕ್ಕೆ ಶುರುವಾದ ಹತ್ತು ಗಂಟೆಯ ಗುತ್ತಿಗೆ ಆಟ ಶುರುವಾಗುವಾಗಲೇ ಮುಗಿದಿರುತ್ತದೆ, ಹೆಚ್ಚುವರಿ ಗಂಟೆ ಓಡುವುದು ಆ ಸಾಲಿನಲ್ಲೇ, ಇಂಜಿನ್ ಆಫ್ ಆಗಿ ನಿಂತಿರುವಾಗ. ಡ್ರೈವರ್ ಗಡಿಯಾರ ನೋಡುವುದಿಲ್ಲ, ನೀವೂ ನೋಡದ ಹಾಗೆ ನಟಿಸುತ್ತೀರಿ. ಹೋಟೆಲ್ ಬಾಗಿಲಲ್ಲಿ ಕತ್ತಲಲ್ಲಿ ನೋಟು ಎಣಿಸಬೇಡಿ, ಒಳದೀಪ ಹಾಕಿಸಿ. ಒಂದು ಸೊನ್ನೆ ಹೆಚ್ಚಾದರೆ ನಿಮಗೆ ನಷ್ಟ, ಕಡಿಮೆಯಾದರೆ ಆತ ಸಂಕೋಚದಿಂದ ಹೇಳಲಾರ.

ಕಾರು ಹೊರಟು, ಲಿಫ್ಟಿನಲ್ಲಿ ಮೂರನೇ ಮಹಡಿ ತಲುಪಿದಾಗ ಒದ್ದೆ ಬಟ್ಟೆಯ ಚೀಲ ಡಿಕ್ಕಿಯಲ್ಲೇ ಉಳಿದದ್ದು ನೆನಪಾಗುತ್ತದೆ. ಅದರಲ್ಲೇ ಕೋಣೆಯ ಬೀಗದ ಕಾರ್ಡು. ಮೊಬೈಲ್ ತೆಗೆದರೆ, ಬರುವ ಮುಂಚೆ ದರ ವಿಚಾರಿಸಿ ಉಳಿಸಿಟ್ಟ ನಾಲ್ಕು ನಂಬರುಗಳು ಸಾಲಾಗಿ ನಿಂತಿವೆ: ವಯಾನ್ ಡ್ರೈವರ್, ವಯಾನ್ ಕಾರ್, ವಯಾನ್ ಬಾಲಿ, ವಯಾನ್ ಹೊಸದು.