ಒಂದು ಕೆಸರುಗುಂಡಿಯ ಅಭಿವೃದ್ಧಿ

ನಗರದ ಮಗ್ಗುಲಿಗಿರುವ ಯಾವುದೇ ಸಂರಕ್ಷಿತ ಕಾಡಿಗೆ ಹೋಗಿ. ಗೇಟಿನಿಂದ ಅರ್ಧ ಕಿಲೋಮೀಟರ್ ಒಳಗೆ, ಕಾಲುದಾರಿ ತುಸು ತಗ್ಗಿಗಿಳಿಯುವ ಕಡೆ ಒಂದು ಕೆಸರುಗುಂಡಿ ಇದ್ದೇ ಇರುತ್ತದೆ. ಗೇಟಿನ ಪಕ್ಕದ ನಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲ. ಶೌಚಾಲಯ, ವೀಕ್ಷಣಾ ಗೋಪುರ, ಸೆಲ್ಫಿ ಪಾಯಿಂಟ್ ಎಲ್ಲಕ್ಕೂ ಒಂದೊಂದು ಚಿಹ್ನೆಯಿದೆ. ಇಡೀ ಕಾಡಿನ ಹಣೆಬರಹ ಬರೆಯುವ ಈ ಗುಂಡಿಗೆ ಮಾತ್ರ ಒಂದು ಚುಕ್ಕಿಯೂ ಇಲ್ಲ.

ಗುಂಡಿ ಹುಟ್ಟುವುದು ಹೀಗೆ. ಕಾಡಿನ ಮಣ್ಣು ಸ್ಪಂಜಿದ್ದ ಹಾಗೆ. ಕೊಳೆತ ತರಗೆಲೆ, ಸತ್ತ ಬೇರು, ಎರೆಹುಳು ಕೊರೆದ ತೂತು ಎಲ್ಲ ಸೇರಿ ಅದರೊಳಗೆ ಗಾಳಿಗೂ ನೀರಿಗೂ ಸಂದುಗಳಿರುತ್ತವೆ. ಪಾದದ ಮೇಲೆ ಪಾದ ಬಿದ್ದಂತೆ ಆ ಸಂದುಗಳು ಮುಚ್ಚಿಕೊಳ್ಳುತ್ತವೆ. ಮಳೆನೀರು ಕೆಳಗಿಳಿಯಲಾಗದೆ ತಗ್ಗಿನಲ್ಲೇ ನಿಲ್ಲುತ್ತದೆ. ನಿಂತ ನೀರನ್ನು ಇನ್ನಷ್ಟು ಪಾದಗಳು ಬಂದು ಕಲಸುತ್ತವೆ. ಇಲ್ಲಿಯವರೆಗೂ ಇದು ಅರ್ಧ ಮೀಟರಿನ ಸಮಸ್ಯೆ. ದಾರಿಯ ಅಗಲವೇ ಅಷ್ಟು. ಒಬ್ಬರ ಹಿಂದೊಬ್ಬರು ನಡೆಯುವಷ್ಟು.

ಆಮೇಲೆ ಭಾನುವಾರ ಬರುತ್ತದೆ.

“ರೀ, ನಡುವೆ ಕಾಲಿಡಬೇಡಿ, ಈ ಅಂಚಿಗೆ ಬನ್ನಿ. ಶೂ ಹಾಳಾಗುತ್ತೆ.”

“ಹೌದಲ್ವಾ! ಹೊಸದು ಬೇರೆ.”

ಆ ಹೊಸ ಶೂವನ್ನು ಸ್ವಲ್ಪ ಬಗ್ಗಿ ನೋಡೋಣ. ಅಡಿಯಲ್ಲಿ ಐದು ಮಿಲಿಮೀಟರ್ ಆಳದ ಹಲ್ಲುಗಳು, ಕೆಸರು ಕಚ್ಚಿ ಹಿಡಿಯಲಿಕ್ಕೆ. ಒಳಗೆ ನೀರು ನುಗ್ಗದಂತೆ ಒಂದು ಪೊರೆ. ಬೆರಳ ತುದಿಗೆ ಕಲ್ಲು ತಾಗದಂತೆ ರಬ್ಬರಿನ ಕವಚ. ಡಬ್ಬಿಯ ಮೇಲೆ ಕೆಸರು ಸಿಡಿಸುತ್ತ ಹಾರುವ ಕಾಲಿನ ಚಿತ್ರ. ಕೆಸರಿಗೆಂದೇ ಮಾಡಿದ, ಕೆಸರಿಗೆಂದೇ ಕೊಂಡ ಈ ಶೂವನ್ನು ಕೆಸರಿನಿಂದ ಕಾಪಾಡಲು ಅಂಚಿನ ಜರಿಗಿಡದ ಮೇಲೆ ಕಾಲಿಡಲಾಗುತ್ತದೆ. ಹಿಂದೆ ಬಂದವರಿಗೆ ಜರಿಗಿಡ ಮಲಗಿದ್ದು ಕಾಣುತ್ತದೆ, ಅಂದರೆ ದಾರಿ ಇದೇ ಇರಬೇಕು. ಅದೂ ಕೆಸರಾದ ಮೇಲೆ ಮತ್ತೊಬ್ಬರು ಇನ್ನೂ ಒಂದು ಹೆಜ್ಜೆ ಆಚೆಗೆ. ಎರಡು ಮಳೆಗಾಲ ಕಳೆಯುವುದರೊಳಗೆ ಅರ್ಧ ಮೀಟರಿನ ದಾರಿ ಆ ಜಾಗದಲ್ಲಿ ಐದಾರು ಮೀಟರ್ ಹಿಗ್ಗಿ, ಹೆಬ್ಬಾವು ಕುರಿ ನುಂಗಿದಂತೆ ಕಾಣುತ್ತದೆ.

ಕಾಲುದಾರಿಗಳನ್ನು ಅಳೆದು ನೋಡುವವರಿಗೆ ಬಹಳ ದಿನದಿಂದ ಗೊತ್ತಿರುವ ವಿಷಯವೊಂದಿದೆ. ಕಾಲು ಬೀಳದ ನೆಲಕ್ಕೆ ಹೆಚ್ಚಿನ ಪೆಟ್ಟು ಬೀಳುವುದು ಮೊದಮೊದಲ ಕೆಲವೇ ಓಡಾಟಗಳಲ್ಲಿ. ಆಗಲೇ ಸವೆದು ಗಟ್ಟಿಯಾದ ದಾರಿಯ ಮೇಲೆ ಸಾವಿರದ ಒಂದನೆಯವನು ನಡೆದರೆ ಅಂಥ ವ್ಯತ್ಯಾಸವೇನೂ ಆಗದು. ಹಸಿರು ಅಂಚಿನ ಮೇಲೆ ಹತ್ತು ಜನ ನಡೆದರೂ ಸಾಕು, ಸಸಿಗಳು ಹೋದವು. ಹಾಗಾಗಿ ಕಾಡನ್ನು ಉಳಿಸಲು ಸಂದರ್ಶಕ ಮಾಡಬೇಕಾದ ಅತಿ ದೊಡ್ಡ ತ್ಯಾಗವೆಂದರೆ ಗುಂಡಿಯ ನಟ್ಟನಡುವೆ ಕಾಲಿಟ್ಟು, ಕಣಕಾಲಿನವರೆಗೆ ಕೆಸರು ಮಾಡಿಕೊಂಡು ಆಚೆ ದಡ ಸೇರುವುದು. ಮನೆಗೆ ಹೋಗಿ ಒಣಗಿಸಿ ಬ್ರಷ್ಷಿನಿಂದ ಉಜ್ಜಿದರೆ ಹತ್ತು ನಿಮಿಷದ ಕೆಲಸ. (ಉಜ್ಜಲೇಬೇಕು. ಶೂ ಅಡಿಯ ಹಲ್ಲುಗಳ ನಡುವೆ ಕೂತ ಕಳೆಬೀಜಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಪುಕ್ಕಟೆ ಪ್ರಯಾಣ ಮಾಡುವುದು ಹೀಗೆಯೇ.) ಆದರೆ ತ್ಯಾಗಕ್ಕೂ ಒಂದು ಮಿತಿ ಬೇಡವೇ? ಕಾಡಿಗಾಗಿ ಸಹಿ ಹಾಕುತ್ತೇವೆ, ಮೇಣದಬತ್ತಿ ಹಚ್ಚುತ್ತೇವೆ, ಡಿಪಿ ಬದಲಿಸುತ್ತೇವೆ. ಶೂ ಮಾತ್ರ ಕೇಳಬೇಡಿ.

ಆಡಳಿತ ಕಣ್ಣು ಬಿಡುವುದು ಈ ಹಂತದಲ್ಲಿ. ‘ದಾರಿ ಸರಿಯಿಲ್ಲ’ ಎಂಬ ದೂರುಗಳ ಕಡತ ದಪ್ಪವಾಗಿದೆ. ಇಂಥ ಗುಂಡಿಗೆ ಮದ್ದು ಗೊತ್ತಿಲ್ಲದ್ದೇನಲ್ಲ. ದಾರಿಯ ಮೇಲ್ಮೈಯನ್ನು ಇಳಿಜಾರಿನ ಕಡೆಗೆ ಮೀಟರಿಗೆ ಐದು ಸೆಂಟಿಮೀಟರಿನಷ್ಟು ವಾಲಿಸಿದರೆ ನೀರು ದಾರಿಯುದ್ದಕ್ಕೂ ಹರಿಯದೆ ಅಡ್ಡಕ್ಕೆ ಇಳಿದುಹೋಗುತ್ತದೆ. ಗುಂಡಿಗಿಂತ ನಾಲ್ಕಾರು ಹೆಜ್ಜೆ ಮೇಲ್ಗಡೆ ದಾರಿಗೆ ಓರೆಯಾಗಿ ಒಂದು ಸಣ್ಣ ಕಾಲುವೆ ತೋಡಿದರೆ ಬರುವ ನೀರೇ ಕಡಿಮೆಯಾಗುತ್ತದೆ. ತೀರಾ ತಗ್ಗಿದ್ದರೆ ನಾಲ್ಕು ಚಪ್ಪಟೆ ಕಲ್ಲು, ಹೆಜ್ಜೆಗೊಂದರಂತೆ, ಮುಕ್ಕಾಲು ಪಾಲು ನೆಲದಲ್ಲಿ ಹೂತು. ಗುದ್ದಲಿ ಹಿಡಿದ ಇಬ್ಬರಿಗೆ ಅರ್ಧ ದಿನದ ಕೆಲಸ. ವರ್ಷಕ್ಕೊಮ್ಮೆ ಕಾಲುವೆಯ ಹೂಳೆತ್ತಬೇಕು, ಅಷ್ಟೇ.

ಈ ಪರಿಹಾರದಲ್ಲಿ ಒಂದೇ ದೋಷ: ಇದಕ್ಕೆ ಟೇಪು ಕತ್ತರಿಸಲಾಗುವುದಿಲ್ಲ. ಕಾಲುವೆಯೊಂದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರೆ ಫೋಟೊದಲ್ಲಿ ಕಾಲುವೆ ಕಾಣುವುದಿಲ್ಲ. ಆದ್ದರಿಂದ ಕಾಂಕ್ರೀಟು.

ಕಾಂಕ್ರೀಟಿನ ದಾರಿ ಮೂರು ಮೀಟರ್ ಅಗಲವಿರಬೇಕು. ಮನುಷ್ಯ ಅಷ್ಟು ಅಗಲವಿರುತ್ತಾನೆಂದಲ್ಲ, ಜಲ್ಲಿ ತರುವ ಟ್ರ್ಯಾಕ್ಟರು ಇರುತ್ತದೆ. ಸುರಿದ ಮರುವರ್ಷದಿಂದ ನಡೆಯುವ ಘಟನಾವಳಿಯನ್ನು ಗಮನವಿಟ್ಟು ಓದಿ, ಇಲ್ಲಿ ಒಂದೊಂದಕ್ಕೂ ಇನ್ನೊಂದು ಕಾರಣ. ಕಾಂಕ್ರೀಟು ಹನಿ ನೀರನ್ನೂ ಕುಡಿಯುವುದಿಲ್ಲ. ಬಿದ್ದ ಮಳೆಯೆಲ್ಲ ಅದರ ಮೇಲೆ ಜಾರಿ, ವೇಗ ಪಡೆದು, ಅಂಚಿನಿಂದ ಧುಮುಕುತ್ತದೆ. ಧುಮುಕಿದ ಕಡೆ ಮಣ್ಣು ಕೊಚ್ಚಿ ಕೊರಕಲು ಬೀಳುತ್ತದೆ. ಮರಗಳ ನೀರುಣ್ಣುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುವುದರಿಂದ ಅವು ಬೆತ್ತಲಾಗುತ್ತವೆ. ಇನ್ನೊಂದು ಪಕ್ಕದ ಬೇರುಗಳು ಕಾಂಕ್ರೀಟಿನಡಿ ಉಸಿರುಗಟ್ಟಿವೆ. ಮರ ವಾಲುತ್ತದೆ. ವಾಲಿದ ಮರಕ್ಕೆ ‘ಅಪಾಯಕಾರಿ’ ಎಂಬ ಬಿರುದು ಸಿಗುತ್ತದೆ, ಕಡಿಯಲಾಗುತ್ತದೆ. ನೆರಳು ಹೋಯಿತು. ಕಾಡಿನಲ್ಲಿ ಬಿಸಿಲು ಜಾಸ್ತಿ ಎಂದು ಹೊಸ ದೂರು. ಅದಕ್ಕೆ ಕಾಂಕ್ರೀಟಿನ ಅಣಬೆ: ಕೆಂಪು ಟೋಪಿ, ಬಿಳಿ ಚುಕ್ಕೆ, ಕೆಳಗೆ ನಾಲ್ವರು ಕೂರಬಹುದು. ಕೂರಲು ಸಿಮೆಂಟಿನ ಮರದ ಬುಡಗಳು, ಕಡಿದ ಮರದ ಬುಡದ ತದ್ರೂಪು. ಮೇಲೆ ಕಂದು ಬಣ್ಣದಲ್ಲಿ ವಾರ್ಷಿಕ ಉಂಗುರಗಳನ್ನೂ ಬರೆದಿರುತ್ತಾರೆ. ಎಣಿಸಿದರೆ ಏಳೋ ಎಂಟೋ. ಪಾಪ, ಬಣ್ಣ ಸಾಲದೇ ಹೋಗಿರಬೇಕು.

ಇದೇ ಹಂತದಲ್ಲಿ ಕಾಡಿಗೆ ಅಕ್ಷರಾಭ್ಯಾಸವೂ ಆಗುತ್ತದೆ. ‘ಮರಗಳನ್ನು ಪ್ರೀತಿಸಿ’ ಎಂಬ ತಗಡಿನ ಫಲಕ ತಂದು, ಪ್ರೀತಿಯಿಂದಲೇ, ನಾಲ್ಕು ಮೂಲೆಗೆ ನಾಲ್ಕು ಮೊಳೆ ಹೊಡೆದು ಮರಕ್ಕೆ ಬಡಿಯುತ್ತಾರೆ. ಮರ ಬೆಳೆದಂತೆ ಫಲಕವೂ ಮೇಲೇರಿ ಹೋಗಬಹುದೆಂದು ಹೆದರಬೇಕಿಲ್ಲ. ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ. ಎದೆಮಟ್ಟದಲ್ಲಿ ಹೊಡೆದ ಮೊಳೆ ಎಷ್ಟು ವರ್ಷವಾದರೂ ಎದೆಮಟ್ಟದಲ್ಲೇ ಇರುತ್ತದೆ. ಕಾಂಡ ಮಾತ್ರ ದಪ್ಪವಾಗುತ್ತ, ತೊಗಟೆ ಅಂಚಿನಿಂದ ಮಡಿಚಿಕೊಂಡು, ತಗಡನ್ನು ನಿಧಾನವಾಗಿ ನುಂಗುತ್ತದೆ. ಮೊದಲು ಮೊಳೆಗಳು ಹೋಗುತ್ತವೆ, ಆಮೇಲೆ ‘ಸಿ’, ಆಮೇಲೆ ‘ತಿ’. ಹತ್ತು ಹದಿನೈದು ವರ್ಷ ಬಿಟ್ಟು ನೋಡಿದರೆ ತುಕ್ಕಿನ ನಡುವೆ ‘ಗಳನ್ನು’ ಎಂಬ ದ್ವಿತೀಯಾ ವಿಭಕ್ತಿಯಷ್ಟೇ ಉಳಿದಿರುತ್ತದೆ. ಏನನ್ನು, ಏನು ಮಾಡಬೇಕು ಎಂಬುದು ಓದುಗರ ವಿವೇಚನೆಗೆ ಬಿಟ್ಟದ್ದು.

ಸ್ವಚ್ಛತೆಯದ್ದು ಇನ್ನೊಂದು ಅಧ್ಯಾಯ. ಕಾಡಿನಲ್ಲಿ ತರಗೆಲೆ ಬಿದ್ದಿರುವುದು ಅನೇಕರಿಗೆ ಅಸಹ್ಯ. ಹಾಗಾಗಿ ಬೆಳಗಾಗುತ್ತಲೇ ಗಾಳಿ ಊದುವ ಯಂತ್ರ ಹೊತ್ತು ಎಲೆ ತೊಲಗಿಸುತ್ತಾರೆ. ಮಳೆಹನಿಯ ಪೆಟ್ಟು ತಡೆಯುವ, ತೇವ ಹಿಡಿದಿಡುವ, ಕೊಳೆತು ಮರಕ್ಕೇ ಊಟವಾಗುವ ಪದರ ಅದು. ಯಾರ ಗೊಡವೆಯೂ ಇಲ್ಲದೆ ಬಿದ್ದುಕೊಂಡಿತ್ತು. ಯಂತ್ರಕ್ಕೆ ಎಲೆಗಿಂತ ಹಗುರವಾದ ಪ್ಲಾಸ್ಟಿಕ್ ಪೊಟ್ಟಣಗಳು ಮೊದಲು ಹಾರುತ್ತವೆ. ಹಾರಿ ಪೊದೆಯೊಳಗೆ, ಕೈಗೆ ಸಿಗದ ಜಾಗದಲ್ಲಿ, ಕೂರುತ್ತವೆ. ಕಾಡಿನಿಂದ ಕಾಡು ಹೊರಗೆ ಹೋಯಿತು, ಕಸ ಒಳಗೆ ಉಳಿಯಿತು. ಕಿತ್ತಳೆ ಸಿಪ್ಪೆ ಎಸೆಯುವವರ ಬಗ್ಗೆ ಹೆಚ್ಚು ಹೇಳುವುದು ಬೇಡ, ಅವರು ವೇದಾಂತಿಗಳು. “ಮಣ್ಣಿನಿಂದ ಬಂದದ್ದು, ಮಣ್ಣಿಗೆ ಹೋಗುತ್ತೆ ಬಿಡಿ.” ಹೋಗುತ್ತದೆ ನಿಜ, ತಿಂಗಳುಗಟ್ಟಲೆ ದಾರಿಬದಿಯಲ್ಲಿ ಒಣಗಿ ಚಕ್ಕಳವಾದ ಮೇಲೆ. ಅಷ್ಟರಲ್ಲಿ ಮನುಷ್ಯರ ಜಾಡಿನಲ್ಲಿ ಊಟ ಸಿಗುತ್ತದೆಂದು ಕಾಡುಪ್ರಾಣಿ ಕಲಿತಿರುತ್ತದೆ. ಮುಂದೆ ಅದೇ ಪ್ರಾಣಿ ಚೀಲಕ್ಕೆ ಕೈಹಾಕಿದಾಗ ‘ಪ್ರಾಣಿಗಳ ಹಾವಳಿ’ ಎಂದು ಸುದ್ದಿ.

ಸಂಜೆ ಆರಕ್ಕೆ ಗೇಟು ಮುಚ್ಚುವ ಕಾಡಿನೊಳಗೆ ಆರೂವರೆಗೆ ದೀಪಗಳು ಹತ್ತಿಕೊಳ್ಳುತ್ತವೆ, ಬೆಳಗಿನವರೆಗೂ ಉರಿಯುತ್ತವೆ. ಯಾರಿಗಾಗಿ ಎಂದು ಕೇಳಿದವರಿಲ್ಲ. ಪತಂಗಗಳಿಗೆ ಮಾತ್ರ ಗೊತ್ತು, ಅವು ರಾತ್ರಿಯಿಡೀ ಅದನ್ನೇ ಸುತ್ತಿ ಸಾಯುತ್ತಿರುತ್ತವೆ.

ಇನ್ನು ಮೌನ. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್ರಿನ್‌-ಯೋಕು’ ಎಂಬ ಮಾತನ್ನು ಚಾಲ್ತಿಗೆ ತಂದಿತು. ವನಸ್ನಾನ ಅಂತ ಅರ್ಥ, ಕಾಡಿನ ಗಾಳಿ, ಸದ್ದು, ವಾಸನೆಯಲ್ಲಿ ಸುಮ್ಮನೆ ಮಿಂದು ಬರುವುದು. ಈಗ ಎಲ್ಲ ಕಡೆ ಆ ಸ್ನಾನಕ್ಕೇ ಜನ ಬರುತ್ತಾರೆ, ಬರುವಾಗ ಬ್ಲೂಟೂತ್ ಸ್ಪೀಕರ್ ತರುತ್ತಾರೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ಸಂಶೋಧಕರು ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯ ಹಾಡನ್ನು ಕೂತು ಕೇಳಿದರು. ಗದ್ದಲದ ಜಾಗದ ಹಕ್ಕಿಗಳು ವಾಹನಗಳ ದಪ್ಪ ಸದ್ದಿನಲ್ಲಿ ಮುಳುಗದಿರಲೆಂದು ತಮ್ಮ ಶ್ರುತಿಯನ್ನೇ ಏರಿಸಿಕೊಂಡಿದ್ದವು. ಹಕ್ಕಿ ಹೊಂದಿಕೊಂಡಿತು, ಇನ್ನು ನಾವೇಕೆ ವಾಲ್ಯೂಮ್ ಇಳಿಸಬೇಕು ಎಂಬುದು ಸ್ಪೀಕರ್ ಪಕ್ಷದ ನಿಲುವಿರಬೇಕು.

ಈ ಪಕ್ಷದವರು ಹೊರಡುವ ಹೊತ್ತನ್ನೂ ನೋಡಬೇಕು. ಎಂಟು ಕಿಲೋಮೀಟರ್ ಸುತ್ತು, ಒಟ್ಟು ಮುನ್ನೂರು ಮೀಟರ್ ಏರು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ: ಸರಿಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಆರುನೂರು ಮೀಟರ್ ಏರಿಗೆ ಮತ್ತೊಂದು ಗಂಟೆ. ಅಂದರೆ 96 ನಿಮಿಷ ಮತ್ತು 30 ನಿಮಿಷ, ಒಟ್ಟು ಎರಡು ಗಂಟೆ ಆರು ನಿಮಿಷ. ಇದು ಗಟ್ಟಿಗರು ಎಲ್ಲೂ ನಿಲ್ಲದೆ ನಡೆದರೆ. ಹನ್ನೆರಡು ಜನರ ಗುಂಪು ತನ್ನ ಅತಿ ನಿಧಾನದ ಸದಸ್ಯನ ವೇಗದಲ್ಲಿ ನಡೆಯುತ್ತದೆ. ಅರ್ಧದಷ್ಟು ಹೆಚ್ಚು ಹಿಡಿಯಿರಿ, ಮೂರು ಗಂಟೆ ದಾಟಿತು. ಗುಂಡಿಯ ಎದುರಿನ ಸಮಾಲೋಚನೆ ಬೇರೆ. ಮರಗಳ ಕೆಳಗೆ ಸೂರ್ಯಾಸ್ತಕ್ಕಿಂತ ಅರ್ಧ ಗಂಟೆ ಮುಂಚೆಯೇ ಕತ್ತಲು. ಇವರು ಹೊರಡುವುದು ಸೂರ್ಯಾಸ್ತಕ್ಕೆ ಎರಡು ಗಂಟೆ ಇರುವಾಗ, ಒಬ್ಬೊಬ್ಬರಿಗೆ ಗಂಟೆಗೆ ಅರ್ಧ ಲೀಟರ್ ನೀರು ಬೇಕಾದಲ್ಲಿ ಹನ್ನೆರಡು ಮಂದಿಗೆ ಎರಡು ಬಾಟಲಿ ಹಿಡಿದು.

ದಾರಿ ತಪ್ಪಿದರೆ ಫೋನಿದೆಯಲ್ಲ. ದಟ್ಟ ಮರಗಳ ಕೆಳಗೆ ಉಪಗ್ರಹದ ಸಂಕೇತ ಕಾಂಡ ಕೊಂಬೆಗಳಿಗೆ ಬಡಿದು ಸುತ್ತಿಬರುವುದರಿಂದ ಪರದೆಯ ನೀಲಿ ಚುಕ್ಕಿ ಹತ್ತಾರು ಮೀಟರ್ ಅತ್ತಿತ್ತ ಜಿಗಿಯುತ್ತದೆ. ಕವಲುದಾರಿಯಲ್ಲಿ ತಪ್ಪು ಕವಲು ಹಿಡಿಸಲು ಅಷ್ಟು ಸಾಕು. ನೆಟ್‌ವರ್ಕ್ ಹುಡುಕಿ ಹುಡುಕಿ ಬ್ಯಾಟರಿ ಸೊರಗುತ್ತದೆ. ಮನೆಯಲ್ಲೇ ನಕ್ಷೆ ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದ್ದರೆ ಸಾಕಿತ್ತು, ಆಗಲೂ ಜಿಪಿಎಸ್ ಕೆಲಸ ಮಾಡುತ್ತದೆ. ಆದರೆ ಏರೋಪ್ಲೇನ್ ಮೋಡಿನಲ್ಲಿ ಸ್ಟೇಟಸ್ ಹಾಕುವುದು ಹೇಗೆ? ಕೊನೆಗೆ ಉಳಿದ ಎಂಟು ಶೇಕಡಾ ಚಾರ್ಜು ಟಾರ್ಚಿಗೆ ಹೋಗುತ್ತದೆ. ಮೂರು ಸಲ ಊದಿ, ತಡೆದು, ಮತ್ತೆ ಮೂರು ಸಲ ಊದಿದರೆ ಸಹಾಯ ಬೇಕೆಂದು ಅರ್ಥವಾಗುವ ಸೀಟಿ ಹತ್ತು ಗ್ರಾಂ ತೂಗುತ್ತದೆ. ಎರಡು ಕಿಲೋ ಸ್ಪೀಕರ್ ಹೊತ್ತವರ ಚೀಲದಲ್ಲಿ ಅದಕ್ಕೆ ಜಾಗವಾಗಿರಲಿಲ್ಲ.

ಮೇಲಿಂದ ಇಳಿಯುವಾಗ ಇವರು ತಿರುವುಗಳನ್ನು ಬಿಟ್ಟು ನೆಟ್ಟಗೆ ಇಳಿಯುತ್ತಾರೆ. ದಾರಿಯನ್ನು ಹಾವಿನ ಹಾಗೆ ಸುತ್ತಿಸಿದ್ದು ಕಡಿದಾದ ಗುಡ್ಡದಲ್ಲಿ ನೀರು ನಿಧಾನವಾಗಲೆಂದು. ಒಳದಾರಿ ಹಿಡಿದವರಿಗೆ ಉಳಿಯುವುದು ತಿರುವಿಗೆ ನಲವತ್ತು ಸೆಕೆಂಡು. ಅದೇ ಒಳದಾರಿ ಹಿಡಿದು ಮುಂದಿನ ಮಳೆಯ ನೀರೂ ಇಳಿಯುತ್ತದೆ, ಅದಕ್ಕೂ ಅವಸರ. ಸಿಂಗಪುರದ ಬುಕಿತ್ ತಿಮಾ ಮೀಸಲು ಕಾಡು 163 ಹೆಕ್ಟೇರಿನದ್ದು. ಕಾಲುತುಳಿತಕ್ಕೆ ಸಿಕ್ಕ ದಾರಿಗಳನ್ನೂ ಗುಡ್ಡದ ಇಳಿಜಾರುಗಳನ್ನೂ ದುರಸ್ತಿ ಮಾಡಲೆಂದು 2014ರಲ್ಲಿ ಅದರ ಬಹುಪಾಲು ಮುಚ್ಚಬೇಕಾಯಿತು. ಪೂರ್ತಿಯಾಗಿ ತೆರೆದದ್ದು 2016ರ ಅಕ್ಟೋಬರಿನಲ್ಲಿ. ಅಂಥದ್ದನ್ನು ಇನ್ನೆಲ್ಲಾದರೂ ಮಾಡಿ ನೋಡಿ, ‘ನಮ್ಮ ಕಾಡು ನಮಗೆ ಬಿಡಿ’ ಎಂಬ ಬ್ಯಾನರನ್ನು ಬೆಳಗಾಗುವುದರೊಳಗೆ ಗೇಟಿನ ಪಕ್ಕದ ಮರಕ್ಕೇ ಮೊಳೆ ಹೊಡೆದು ಕಟ್ಟಿರುತ್ತಾರೆ.

ಮುಚ್ಚುವ ಪ್ರಶ್ನೆಯೇ ಏಳುವುದಿಲ್ಲ ಬಿಡಿ. ಕಾಂಕ್ರೀಟು ಬಿದ್ದ ಮೇಲೆ ಸಂದರ್ಶಕರು ಹೆಚ್ಚಾಗಿದ್ದಾರೆಂದು ವರದಿ ಹೇಳುತ್ತದೆ, ಹೆಚ್ಚಿದ್ದರಿಂದ ದಾರಿ ಸಾಲದೆಂದು ಅದೇ ವರದಿಯ ಮುಂದಿನ ಪುಟ ಹೇಳುತ್ತದೆ. ಕಾಂಕ್ರೀಟಿನ ಅಂಚಿನಲ್ಲಿ ನೀರು ಧುಮುಕುವ ಕಡೆ, ಅಣಬೆಯಿಂದ ಹತ್ತು ಹೆಜ್ಜೆಗೆ, ಈ ಮಳೆಗಾಲದಲ್ಲಿ ಹೊಸದೊಂದು ಕೆಸರುಗುಂಡಿ ಎದ್ದಿದೆ. ಅದರೊಳಗೆ ಕಪ್ಪೆಯೊಂದು ಮೊಟ್ಟೆಯಿಟ್ಟು, ಗೊದಮೊಟ್ಟೆಗಳು ಬಾಲ ಆಡಿಸುತ್ತಿವೆ. ಆ ದಿನ ಗೇಟು ದಾಟಿದವರಿಗೆ ನೋಡಲು ಸಿಕ್ಕ ಏಕೈಕ ವನ್ಯಜೀವಿ ಅದು.

“ರೀ, ಆ ಕಡೆ ಬೇಡ, ಈ ಅಂಚಿಗೆ ಬನ್ನಿ.”